ಚಿತ್ರ ಮೊದಲು, ಕಥೆ ಆಮೇಲೆ: ಬಡ ಭೂತಗಳಿಗೆ ನಾನು ಅಂಕ ಕೊಟ್ಟ ಬಗೆ

ಮೂಲ ಕಥೆ ಓದದೆ ರೂಪಾಂತರದ ಚಿತ್ರಕ್ಕೆ ಅಂಕ ಕೊಡುವವನು ಪಾಠ ಓದದೆ ಉತ್ತರಪತ್ರಿಕೆ ತಿದ್ದುವ ಮೇಷ್ಟರಂತೆ ಎಂದು ಚಿತ್ರಸ್ಪರ್ಧೆಯಲ್ಲಿ ನನ್ನ ಜೊತೆಗಿದ್ದ ಹಿರಿಯ ತೀರ್ಪುಗಾರರೊಬ್ಬರು ಎಲ್ಲರೆದುರೇ ಹೇಳಿದ್ದರು. ಅದಾಗಿ ಆರು ವರ್ಷ ಕಳೆದಿರಬೇಕು. ಹೋದ ಸಲದ ಸುತ್ತು ಮುಗಿದ ಮೇಲೆ ಅದೇ ಹಿರಿಯರು ನನ್ನ ಅಂಕಪಟ್ಟಿಯ ನಕಲು ಕೇಳಿದರು. ಇದನ್ನು ಬರೆಯುವ ಧೈರ್ಯ ಬಂದದ್ದು ಅದರಿಂದಲೇ.

ನನ್ನ ಪಾಲಿಗೆ ಬರುವುದು ಕಡಿಮೆ ಖರ್ಚಿನ ಭಯಾನಕ ಚಿತ್ರಗಳು, ಅದರಲ್ಲೂ ಸಣ್ಣಕಥೆಯಿಂದ ಎತ್ತಿಕೊಂಡವು. ಬೇರೆ ಯಾರೂ ಆ ವಿಭಾಗವನ್ನು ಕೇಳುವುದಿಲ್ಲ. ಒಂದು ಸುತ್ತಿಗೆ ಇಪ್ಪತ್ತರಿಂದ ಇಪ್ಪತ್ತೈದು ಚಿತ್ರ ಬರುತ್ತವೆ. ಅವುಗಳಲ್ಲಿ ಹದಿನೈದರಲ್ಲಾದರೂ ಬಾಗಿಲು ಕಿರುಗುಟ್ಟುತ್ತದೆ, ಹತ್ತರಲ್ಲಿ ಕನ್ನಡಿಯ ಹಿಂದೆ ಯಾರೋ ನಿಂತಿರುತ್ತಾರೆ. ಇದನ್ನು ಹೀಗಳೆಯುತ್ತಿಲ್ಲ. ಬಾಗಿಲು ಮತ್ತು ಕನ್ನಡಿ ಬಾಡಿಗೆ ಇಲ್ಲದೆ ಸಿಗುವ ವಸ್ತುಗಳು.

ಮೊದಲ ವರ್ಷ ನಾನೂ ಎಲ್ಲರಂತೆಯೇ ಮಾಡಿದೆ. ಕಥೆಗಳನ್ನೆಲ್ಲ ಮೊದಲೇ ಓದಿ, ಪ್ಯಾರಾಗಳಿಗೆ ಪೆನ್ಸಿಲ್‌ನಲ್ಲಿ ಸಂಖ್ಯೆ ಹಾಕಿ, ಚಿತ್ರ ನೋಡುತ್ತಾ ಒಂದೊಂದಕ್ಕೂ ಗುರುತು ಹಾಕುತ್ತಾ ಹೋದೆ. ಬಿಟ್ಟದ್ದಕ್ಕೆಲ್ಲ ಅಂಕ ಕಡಿತ. ಕೊನೆಗೆ ಮೊದಲ ಸ್ಥಾನ ಸಿಕ್ಕಿದ್ದು ಕಥೆಯನ್ನು ಸಾಲು ಸಾಲಾಗಿ ನಟಿಸಿ ತೋರಿಸಿದ ಚಿತ್ರಕ್ಕೆ. ಸಭಾಂಗಣದಲ್ಲಿ ಅದನ್ನು ಹಾಕಿದಾಗ ಅರ್ಧ ಗಂಟೆಯೊಳಗೆ ಮೊಬೈಲ್‌ಗಳ ಬೆಳಕು ಎಲ್ಲೆಡೆ ಮಿನುಗತೊಡಗಿತು. ನಿಷ್ಠೆ ಎಂಬ ಪದದ ಮೇಲೆ ನನಗೆ ಅಂದಿನಿಂದಲೇ ಅನುಮಾನ.

ಎರಡನೇ ವರ್ಷ ಇನ್ನೊಂದು ತುದಿಗೆ ಹಾರಿದೆ. ಎಷ್ಟು ಸಲ ಬೆಚ್ಚಿಬಿದ್ದೆ ಎಂದು ಎಣಿಸಿದೆ. ಒಂದು ಚಿತ್ರದಲ್ಲಿ ಹದಿನೆಂಟೋ ಹತ್ತೊಂಬತ್ತೋ ಸಲ ಆಯಿತು, ಕಣ್ಣು ಮುಚ್ಚಿ ಅದಕ್ಕೇ ಕೊಟ್ಟೆ. ಮೂರು ತಿಂಗಳ ಮೇಲೆ ಆ ಚಿತ್ರದ ಕಥೆ ಏನೆಂದು ಯಾರೋ ಕೇಳಿದರೆ ಹೇಳಲು ಬಾಯಿಯೇ ಬರಲಿಲ್ಲ. ಹಿಂದಿನಿಂದ ಬಂದು ಕಿವಿಯಲ್ಲಿ ಕೂಗಿದರೆ ಯಾರಾದರೂ ಬೆಚ್ಚುತ್ತಾರೆ, ಅದಕ್ಕೆ ಕ್ಯಾಮೆರಾ ಏಕೆ ಬೇಕು? 1942ರ ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ನಿರ್ಜನ ರಸ್ತೆಯಲ್ಲಿ ಹೆದರಿ ನಡೆಯುವ ಹೆಂಗಸಿನ ಪಕ್ಕಕ್ಕೆ ಬಸ್ಸೊಂದು ಬುಸುಗುಟ್ಟಿ ಬಂದು ನಿಲ್ಲುವ ದೃಶ್ಯ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದನ್ನು ನಕಲು ಮಾಡುವವರು ಬಸ್ಸನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಬಸ್ಸಿಗೆ ಮುಂಚೆ ಹೆಜ್ಜೆಯ ಸದ್ದು ಒಬ್ಬಳದ್ದಷ್ಟೇ ಉಳಿಯುತ್ತದಲ್ಲ, ಆ ಹೊತ್ತನ್ನು ಯಾರೂ ಎತ್ತಿಕೊಳ್ಳುವುದಿಲ್ಲ.

ನಡುವೆ ಒಂದು ಹುಚ್ಚಾಟವನ್ನೂ ಮಾಡಿದೆ, ಹೇಳಿಬಿಡುತ್ತೇನೆ. ನಾಡಿಬಡಿತ ತೋರಿಸುವ ಕ್ಲಿಪ್ ಸಾಧನವನ್ನು ಬೆರಳಿಗೆ ಸಿಕ್ಕಿಸಿಕೊಂಡು ಏಳೆಂಟು ಚಿತ್ರ ನೋಡಿದೆ. ಬೆರಳು ತಣ್ಣಗಾದರೆ ಅದು ಏನನ್ನೂ ತೋರಿಸುವುದಿಲ್ಲ. ತೋರಿಸಿದಾಗಲೂ ಕೆಲವು ಸೆಕೆಂಡು ತಡ. ಇಡೀ ಪ್ರಯೋಗದಲ್ಲಿ ನನ್ನ ನಾಡಿ ಅತಿ ಜೋರಾಗಿ ಏರಿದ್ದು ನಡುರಾತ್ರಿ ಮೇಜಿನ ಮೇಲಿದ್ದ ನನ್ನದೇ ಮೊಬೈಲ್ ಗುಂಯ್ ಎಂದಾಗ. ಸಾಧನ ಈಗ ಮನೆಯ ಔಷಧಿ ಡಬ್ಬಿಯಲ್ಲಿದೆ.

ಹಣದ ವಿಷಯಕ್ಕೆ ಬರುತ್ತೇನೆ. ಮೂರನೇ ವರ್ಷ ಒಂದು ಚಿತ್ರಕ್ಕೆ ‘ಕತ್ತಲೆಯ ಕೆಸರು, ಏನೂ ಕಾಣುವುದಿಲ್ಲ’ ಎಂದು ಬರೆದು ಹತ್ತಕ್ಕೆ ಎರಡು ಕೊಟ್ಟಿದ್ದೆ. ಆರು ತಿಂಗಳ ಬಳಿಕ ಅದನ್ನೇ ಒಳ್ಳೆಯ ಪರದೆಯಲ್ಲಿ ನೋಡಿದಾಗ ಆ ಕೆಸರಿನೊಳಗೆ ಗೋಡೆಗೆ ಒರಗಿ ಒಬ್ಬ ಮುದುಕ ಇಡೀ ದೃಶ್ಯದುದ್ದಕ್ಕೂ ಕುಳಿತಿದ್ದ! ನನ್ನ ಹಳೆಯ ಲ್ಯಾಪ್‌ಟಾಪ್ ಅವನನ್ನು ನುಂಗಿ ಹಾಕಿತ್ತು. ನೆರಳಿನ ವಿವರವನ್ನು ಅಗ್ಗದ ಪರದೆ ಅರ್ಧ ತಿನ್ನುತ್ತದೆ, ಕಡತವನ್ನು ಕುಗ್ಗಿಸಿ ಕಳುಹಿಸಿದ್ದರೆ ಉಳಿದರ್ಧವನ್ನು ಅದು ತಿನ್ನುತ್ತದೆ. ಆ ನಿರ್ದೇಶಕನಿಗೆ ಕ್ಷಮೆ ಕೇಳಿ ಪತ್ರ ಬರೆದೆ, ಉತ್ತರ ಬರಲಿಲ್ಲ. ಆಮೇಲೆ ಪರದೆಯ ಬಣ್ಣ ಸರಿಪಡಿಸುವ ಸಾಧನ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ಕಿಟಕಿಗೆ ದಪ್ಪ ಕಪ್ಪು ಪರದೆ, ಎಲ್ಲವೂ ಬಂದವು. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರ್‌ಗಳಲ್ಲಿ ನೂರು ಹರ್ಟ್ಜ್‌ಗಿಂತ ಕೆಳಗಿನದ್ದು ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಭಯದ ಗುಡುಗುಡು ಇರುವುದೇ ಅಲ್ಲಿ. ಆ ಸುತ್ತಿಗೆ ಸಿಕ್ಕ ಗೌರವಧನದ ನಾಲ್ಕು ಪಟ್ಟು ಖರ್ಚಾಯಿತು. ಮನೆಯಲ್ಲಿ ಎರಡು ಪಟ್ಟು ಎಂದು ಹೇಳಿದ್ದೇನೆ.

ಈಗಿನ ಕ್ರಮ ಹೀಗಿದೆ. ಮೊದಲ ನೋಟದಲ್ಲಿ ಕಥೆಯ ಹೆಸರನ್ನೂ ತಿಳಿದುಕೊಳ್ಳುವುದಿಲ್ಲ. ಪ್ರವೇಶಪತ್ರದ ಮೊದಲ ಪುಟವನ್ನು ಬೇರೆಯವರಿಂದ ತೆಗೆಸಿಟ್ಟಿರುತ್ತೇನೆ. ಅಂಕಪಟ್ಟಿಯ ಪುಸ್ತಕದಲ್ಲಿ ಮೂರು ಅಂಕಣ. ಮೊದಲನೆಯದರಲ್ಲಿ ಬೆಚ್ಚಿಬಿದ್ದ ನಿಮಿಷಗಳು. ಎರಡನೆಯದರಲ್ಲಿ ಪರದೆಯಿಂದ ಕಣ್ಣು ತೆಗೆದು ಕೋಣೆಯ ಮೂಲೆಯನ್ನೋ ಹಿಂದಿನ ಬಾಗಿಲನ್ನೋ ನೋಡಬೇಕೆನಿಸಿದ ನಿಮಿಷಗಳು. ಮೂರನೆಯ ಅಂಕಣದಲ್ಲಿ ಏನು ಬರೆಯುತ್ತೇನೆ ಎಂಬುದು ನನ್ನಲ್ಲೇ ಇರಲಿ. ಮೊದಲನೆಯ ಅಂಕಣಕ್ಕೆ ನಾನು ಅಂಕ ಕೊಡುವುದೇ ಇಲ್ಲ. ಅದು ತುಂಬಿ ಎರಡನೆಯದು ಖಾಲಿ ಇದ್ದರೆ ಚಿತ್ರ ಅಲ್ಲಿಗೇ ಮುಗಿಯಿತು.

ಎರಡನೆಯ ಸಲ ಪರದೆ ಆರಿಸಿ ಸದ್ದು ಮಾತ್ರ ಕೇಳುತ್ತೇನೆ. ಕೋಣೆಗೆ ತನ್ನದೇ ಆದ ಮೌನ ಇದೆಯೇ, ಇಲ್ಲ ಸಂಭಾಷಣೆ ನಿಂತ ಕೂಡಲೇ ಸದ್ದು ಸತ್ತುಹೋಗುತ್ತದೆಯೇ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಚಿತ್ರೀಕರಣದ ದಿನ ಎಲ್ಲರನ್ನೂ ಸುಮ್ಮನಿರಿಸಿ ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳಲು ಕಾಸೂ ಖರ್ಚಿಲ್ಲ. ಅಷ್ಟನ್ನೂ ಮಾಡದವರು ಬಡತನದ ನೆಪ ಹೇಳಿದರೆ ನಾನು ಒಪ್ಪುವುದಿಲ್ಲ. ಹಗಲಿನಲ್ಲಿ ಚಿತ್ರಿಸಿ ನೀಲಿ ಬಳಿದು ರಾತ್ರಿ ಎಂದು ನಂಬಿಸುವವರನ್ನು ಮಾತ್ರ ಕ್ಷಮಿಸುತ್ತೇನೆ, ನೆಲದ ಮೇಲಿನ ನೆರಳಿಗೆ ಕತ್ತರಿಸಿದಂಥ ಅಂಚು ಇಲ್ಲದಿದ್ದರೆ.

ಇದಾದ ಮೇಲೆ ಮುಖ್ಯ ಕೆಲಸ. ಸಣ್ಣಕಥೆಯಲ್ಲಿ ಭಯ ಎಲ್ಲ ಪುಟಗಳಲ್ಲೂ ಹರಡಿಕೊಂಡಿರುವುದಿಲ್ಲ, ಎಲ್ಲೋ ಒಂದು ವಾಕ್ಯದಲ್ಲಿ ಅವಿತಿರುತ್ತದೆ. 1902ರಲ್ಲಿ ಅಚ್ಚಾದ ಜೇಕಬ್ಸ್‌ರ ‘ದಿ ಮಂಕೀಸ್ ಪಾ’ ಕಥೆಯಲ್ಲಿ ಮೂರು ಕೋರಿಕೆ ಈಡೇರಿಸುವ ಮಂಗನ ಪಂಜವೊಂದು ಮನೆಗೆ ಬರುತ್ತದೆ. ಯಂತ್ರಕ್ಕೆ ಸಿಕ್ಕಿ ಸತ್ತ ಮಗ ಮರಳಿ ಬರಲೆಂದು ತಾಯಿ ಹಟ ಹಿಡಿಯುತ್ತಾಳೆ. ಬಾಗಿಲು ಬಡಿದ ಸದ್ದು ಕೇಳುತ್ತದೆ. ಅವಳು ಚಿಲಕ ತೆಗೆಯುವ ಹೊತ್ತಿಗೆ ತಂದೆ ಕೊನೆಯ ಕೋರಿಕೆ ಕೋರಿಬಿಡುತ್ತಾನೆ, ಹೊರಗೆ ಬರಿಯ ರಸ್ತೆ. ಬಂದದ್ದು ಹೇಗಿತ್ತು ಎಂದು ಕಥೆ ತೋರಿಸುವುದೇ ಇಲ್ಲ. ಆ ಬಡಿತದ ವಾಕ್ಯವನ್ನು ಬಿಟ್ಟು ಮಗನ ಮುಖಕ್ಕೆ ಮೇಣದ ಗಾಯ ಮೆತ್ತಲು ಹಣ ಸುರಿದವನು ಕಥೆಯನ್ನು ಓದಿಯೇ ಇಲ್ಲ ಎಂದು ನಾನು ಬರೆಯುತ್ತೇನೆ.

ಆದ್ದರಿಂದ ಚಿತ್ರ ನೋಡಿ, ಕೇಳಿ ಆದ ಮೇಲೆ ಕಾಗದದ ಮೇಲೆ ಒಂದೇ ಒಂದು ವಾಕ್ಯ ಬರೆಯುತ್ತೇನೆ: ಮೂಲ ಕಥೆಯಲ್ಲಿ ಆ ವಾಕ್ಯ ಹೀಗಿದ್ದಿರಬೇಕು ಎಂದು. ಪಕ್ಕದಲ್ಲಿ ಇನ್ನೊಂದು ಟಿಪ್ಪಣಿ: ಚಿತ್ರದ ಹಣ ಹೆಚ್ಚು ಖರ್ಚಾದದ್ದು ಯಾವ ನಿಮಿಷದಲ್ಲಿ. ದೀಪಗಳು, ಹೊಗೆ, ಮೇಕಪ್, ಕಂಪ್ಯೂಟರ್ ಕೆಲಸ, ಗುಂಪು, ಕ್ರೇನ್, ಇವೆಲ್ಲವನ್ನೂ ನೋಡಿ ಅಂದಾಜಿಸುವುದು ನಮ್ಮಂಥವರಿಗೆ ಕಷ್ಟವಲ್ಲ. ನಾನು ಹತ್ತಕ್ಕೆ ಏಳೆಂಟು ಸಲ ಸರಿ ಹೇಳುತ್ತೇನೆ. ಆಮೇಲೆ ಕಥೆ ಓದುತ್ತೇನೆ. ನಾನು ಊಹಿಸಿದ ವಾಕ್ಯ, ಕಥೆಯ ವಾಕ್ಯ, ಹಣ ಹೋದ ನಿಮಿಷ, ಈ ಮೂರೂ ಹತ್ತಿರ ಹತ್ತಿರ ಬಿದ್ದರೆ ಆ ಚಿತ್ರ ಗೆದ್ದಂತೆ. ದೂರ ಬಿದ್ದರೆ ಎಲ್ಲಿ ಜಾರಿತೆಂದು ನೋಡಲು ಮೂರನೆಯ ಸಲ ಹಾಕುತ್ತೇನೆ. ಆ ಮೂರನೆಯ ಸಲ ಎಲ್ಲಿಂದ ಶುರುಮಾಡಬೇಕು ಎಂಬುದರಲ್ಲೂ ಒಂದು ಕಿಟುಕು ಇದೆ, ಇನ್ನೊಮ್ಮೆ ನೋಡೋಣ.

ಜಾರುವುದು ಹೆಚ್ಚಾಗಿ ಒಂದೇ ಕಡೆ. ಹತ್ತು ಪುಟದ ಕಥೆಯನ್ನು ತೊಂಬತ್ತು ನಿಮಿಷಕ್ಕೆ ಎಳೆಯಬೇಕು. ಎಳೆಯಲು ದೆವ್ವಕ್ಕೊಂದು ಪೂರ್ವಕಥೆ ಬರುತ್ತದೆ. ಅದಕ್ಕೊಬ್ಬ ಕ್ರೂರ ಗಂಡ, ಒಂದು ಬಾವಿ, ಎಲ್ಲವನ್ನೂ ತಿಳಿದ ಒಬ್ಬ ಮುದುಕಿ. ಕಾರಣ ತಿಳಿದ ದೆವ್ವಕ್ಕೆ ಪ್ರೇಕ್ಷಕ ಮರುಗುತ್ತಾನೆ, ಹೆದರುವುದಿಲ್ಲ. ಇನ್ನು ಕೆಲವು ಸಲ ತಪ್ಪು ನಿರ್ದೇಶಕನದ್ದೂ ಆಗಿರುವುದಿಲ್ಲ. ಎಂ. ಆರ್. ಜೇಮ್ಸ್‌ರ ಸಣ್ಣಕಥೆಯಿಂದ ಬಂದ 1957ರ ‘ನೈಟ್ ಆಫ್ ದಿ ಡೀಮನ್’ ಚಿತ್ರದಲ್ಲಿ ಭೂತವನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ್ದು ನಿರ್ದೇಶಕ ಟೂರ್ನರ್‌ಗೆ ಇಷ್ಟವಿರಲಿಲ್ಲ. ಭೂತಕ್ಕೆ ಖರ್ಚು ಮಾಡಿದ ನಿರ್ಮಾಪಕನಿಗೆ ಭೂತ ಕಾಣಲೇಬೇಕು. ಪ್ರವೇಶಪತ್ರದಲ್ಲಿ ನಿರ್ಮಾಪಕ, ನಿರ್ದೇಶಕ ಒಬ್ಬರೇ ಆಗಿದ್ದರೆ ನನಗೆ ಸ್ವಲ್ಪ ನೆಮ್ಮದಿ.

ಪಕ್ಕದ ಪ್ರಯೋಗಗಳು ಇನ್ನೂ ಇವೆ. ನಡುಹಗಲಲ್ಲಿ ಕಿಟಕಿ ತೆರೆದಿಟ್ಟು ನೋಡುವುದು ಒಂದು. ಬಿಸಿಲಿನಲ್ಲೂ ಎರಡನೆಯ ಅಂಕಣದಲ್ಲಿ ಒಂದು ನಿಮಿಷ ಬಿದ್ದರೆ ಅದಕ್ಕೆ ಬೆಲೆ ಹೆಚ್ಚು. ಸಂಗೀತವನ್ನು ಬೇರ್ಪಡಿಸುವ ತಂತ್ರಾಂಶದಿಂದ ಪಿಟೀಲಿನ ಕಿರುಚಾಟ ತೆಗೆದು ನೋಡುವುದು ಇನ್ನೊಂದು. ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು, ಆದರೆ ಹಾಗೆ ಬೆತ್ತಲಾದ ಚಿತ್ರಗಳನ್ನು ನೋಡಿ ನಗು ಬರತೊಡಗಿತು. ಅದು ನ್ಯಾಯವಲ್ಲವೆಂದು ನಿಲ್ಲಿಸಿದೆ.

ಈಗ ಹೋದ ಸಲದ ಸುತ್ತಿಗೆ ಬಂದ ಒಂದು ಚಿತ್ರದ ಕಥೆ. ಒಂದೇ ಮನೆ, ಮೂವರು ನಟರು, ಸುಮಾರು ಎಪ್ಪತ್ತು ನಿಮಿಷ. ಮನೆಯನ್ನು ನಾಲ್ಕನೇ ನಿಮಿಷದಲ್ಲಿ ಹೊರಗಿನಿಂದ ಒಮ್ಮೆ ಉದ್ದಕ್ಕೆ ತೋರಿಸುತ್ತಾರೆ. ಒಂದೇ ಅಂತಸ್ತು, ಮೇಲೆ ಬಯಲು ತಾರಸಿ. ಒಳಗೆ ಬಾಡಿಗೆಗೆ ಬಂದವನಿಗೆ ರಾತ್ರಿ ಮೇಲಿನ ಮನೆಯವರು ನಡೆದಾಡುವ ಸದ್ದು ಕೇಳುತ್ತದೆ. ಭಾರದ ಹೆಜ್ಜೆ, ಕುರ್ಚಿ ಎಳೆಯುವುದು. ಅವನು ಹೆದರುವುದಿಲ್ಲ, ರೇಗುತ್ತಾನೆ. ಕೋಲಿನಿಂದ ಚಾವಣಿಯನ್ನು ಕುಟ್ಟುತ್ತಾನೆ. ಕೊನೆಗೊಂದು ರಾತ್ರಿ ‘ದಯವಿಟ್ಟು ಸದ್ದು ಮಾಡಬೇಡಿ, ಮಗು ಮಲಗಿದೆ’ ಎಂದು ಮೇಲೆ ನೋಡಿ ಸೌಜನ್ಯದಿಂದ ಕೇಳಿಕೊಳ್ಳುತ್ತಾನೆ. ಮರುರಾತ್ರಿ ಹೆಜ್ಜೆಗಳು ಮತ್ತೆ ಬರುತ್ತವೆ. ಆದರೆ ತುದಿಗಾಲಲ್ಲಿ.

ನಾನು ಹೆಡ್‌ಫೋನ್ ತೆಗೆದು ನನ್ನ ಚಾವಣಿಯನ್ನು ನೋಡಿದೆ. ಕಾಗದದ ಮೇಲೆ ಬರೆದೆ: ‘ಅವರು ಈಗ ಮೆಲ್ಲಗೆ ನಡೆಯುತ್ತಿದ್ದಾರೆ.’

ಕಥೆ ಒಂಬತ್ತು ಪುಟದ್ದು. ಅಲ್ಲಿ ತುದಿಗಾಲಿನ ಹೆಜ್ಜೆಯೇ ಇಲ್ಲ. ಬಾಡಿಗೆಯವನ ಮೇಜಿನ ಮೇಲೆ ಒಂದು ಚೀಟಿ ಬಿದ್ದಿರುತ್ತದೆ: ‘ಕ್ಷಮಿಸಿ, ಇನ್ನು ಮುಂದೆ ಮೆಲ್ಲಗೆ ನಡೆಯುತ್ತೇವೆ.’ ಕಥೆ ಅಲ್ಲಿಗೇ ಮುಗಿಯುತ್ತದೆ. ಕಥೆಯನ್ನು ಮೊದಲೇ ಓದಿದ್ದ ಉಳಿದ ನಾಲ್ವರು ಕೊನೆಯವರೆಗೂ ಆ ಚೀಟಿಗಾಗಿ ಕಾದು ಕುಳಿತಿದ್ದರು. ಚೀಟಿ ಬರಲಿಲ್ಲವೆಂದು ಸಿಟ್ಟಾಗಿ ಮೂರೋ ನಾಲ್ಕೋ ಕೊಟ್ಟಿದ್ದರು. ಕಾಯುವ ಭರದಲ್ಲಿ ಹೆಜ್ಜೆ ಬದಲಾದದ್ದು ಅವರ ಕಿವಿಗೆ ಬಿದ್ದೇ ಇರಲಿಲ್ಲ. ನನ್ನದು ಒಂಬತ್ತು. ಸರಾಸರಿ ತೆಗೆದಾಗ ಚಿತ್ರ ಹೊರಬಿತ್ತು.

ನಾನು ಜಗಳ ಮಾಡಿದೆ. ಎರಡು ಸಭೆ ಹಾಳಾದವು. ಓದದೆ ಬಂದವನ ಹಟ ಎಂದರು. ಕೊನೆಗೆ ಸ್ಪರ್ಧೆಯ ಹೊರಗೆ ಒಂದು ಪ್ರದರ್ಶನ ಮಾಡಿಸಲು ಒಪ್ಪಿದರು. ಸಭಾಂಗಣದ ಅರ್ಧ ಬಾಡಿಗೆ ನನ್ನ ಜೇಬಿನಿಂದ ಹೋಯಿತು, ಅದನ್ನು ಯಾರೂ ವಾಪಸು ಕೊಡಲಿಲ್ಲ. ನೂರಿಪ್ಪತ್ತು ಜನ ಇದ್ದಿರಬಹುದು. ನಾನು ಪರದೆಗೆ ಬೆನ್ನು ಮಾಡಿ ಪಕ್ಕದ ಗೋಡೆಗೆ ಒರಗಿ ನಿಂತು ಜನರನ್ನು ನೋಡಿದೆ. ಆ ಹೆಜ್ಜೆ ಬಂದಾಗ ಕೆಮ್ಮು ನಿಂತಿತು, ಕುರ್ಚಿಗಳ ಸದ್ದು ನಿಂತಿತು. ಆಮೇಲೆ ಮೂರನೇ ಸಾಲಿನಲ್ಲಿ ಒಬ್ಬಳು ಮೇಲೆ ನೋಡಿದಳು. ಅವಳ ಹಿಂದೆ ಇನ್ನಿಬ್ಬರು. ಐದಾರು ಸೆಕೆಂಡಿನಲ್ಲಿ ಅರ್ಧ ಸಭೆಯ ಗಲ್ಲ ಮೇಲೆದ್ದಿತ್ತು. ಮೇಷ್ಟರ ಮಾತಾಡಿದ್ದ ಹಿರಿಯರದ್ದೂ.

ಅಂಕಗಳನ್ನು ಮತ್ತೆ ಹಾಕಿದರು. ಫಲಿತಾಂಶ ಹೊರಬಿದ್ದ ಮೇಲೆ ನಿರ್ದೇಶಕಿಯನ್ನು ಖರ್ಚಿನ ಬಗ್ಗೆ ಕೇಳಿದೆ. ಒಟ್ಟು ಹಣದ ಕಾಲು ಭಾಗದಷ್ಟು ಬರೀ ಹೆಜ್ಜೆಗಳಿಗೆ ಹೋಗಿತ್ತಂತೆ, ಎರಡು ವಾರದ ಸ್ಟುಡಿಯೋ ಬಾಡಿಗೆ. ತುದಿಗಾಲಿನ ಸದ್ದಿಗೆ ಬರಿಗಾಲು, ಕಾಲುಚೀಲ, ಒದ್ದೆ ಬಟ್ಟೆ ಸುತ್ತಿದ ಕಾಲು, ನಲವತ್ತಕ್ಕೂ ಹೆಚ್ಚು ಪ್ರಯತ್ನ. ಕೊನೆಗೆ ಹೊಂದಿದ ಸದ್ದು ಕಾಲಿನದ್ದೇ ಅಲ್ಲ. ಅದು ಯಾವುದರದ್ದೆಂದು ಹೇಳಿದರು, ಬೇರೆಯವರಿಗೆ ಹೇಳಬಾರದೆಂದು ಮಾತನ್ನೂ ತೆಗೆದುಕೊಂಡರು. ನನ್ನ ಅಂದಾಜಿನಲ್ಲಿ ಹಣ ಹೋದ ನಿಮಿಷ ಐವತ್ತೆರಡು ಎಂದಿತ್ತು. ಹೆಜ್ಜೆ ಬದಲಾಗುವುದು ಐವತ್ಮೂರರಲ್ಲಿ.

ಹಿರಿಯರು ಅಂಕಪಟ್ಟಿಯ ನಕಲು ಕೇಳಿದ್ದು ಇದಾದ ವಾರಕ್ಕೆ. ಕೊಟ್ಟೆ, ಮೂರನೆಯ ಅಂಕಣವನ್ನು ಮಡಚಿ ನಕಲು ತೆಗೆಸಿ.