ಇಪ್ಪತ್ತೊಂದು ದಾಟಿದ ಮಕ್ಕಳಿಗೆ ಅಮೆರಿಕದ ಕುಟುಂಬ ವಲಸೆ ವೀಸಾ: ಅರ್ಜಿಯಿಂದ ಪ್ರವೇಶದವರೆಗೆ

ಅಮೆರಿಕದ ವಲಸೆ ಕಾನೂನಿನಲ್ಲಿ ‘ಮಗು’ ಎಂದರೆ ಇಪ್ಪತ್ತೊಂದು ವರ್ಷ ತುಂಬದ, ಮದುವೆಯಾಗದ ಸಂತಾನ ಎಂದೇ ಅರ್ಥ. ಆ ವಯಸ್ಸು ದಾಟಿದವರನ್ನೂ ಮದುವೆಯಾದವರನ್ನೂ ಅದೇ ಕಾನೂನು ‘ಮಗ’ ಅಥವಾ ‘ಮಗಳು’ ಎಂದು ಕರೆಯುತ್ತದೆ. ನಮ್ಮ ಕಿವಿಗೆ ಇದು ಪದಗಳ ಆಟದಂತೆ ಕೇಳಿಸಬಹುದು. ಆದರೆ ಅಮೆರಿಕದ ಪೌರರ ‘ಮಗು’ವಿಗೆ ವೀಸಾ ಸಂಖ್ಯೆಯ ಮಿತಿಯೇ ಇಲ್ಲ, ‘ಮಗ’ ಮತ್ತು ‘ಮಗಳು’ ಮಾತ್ರ ವರ್ಷಗಟ್ಟಲೆ ಸರದಿಯಲ್ಲಿ ನಿಲ್ಲಬೇಕು. ಅರ್ಜಿ ಹಾಕುವವರು ತಂದೆ ಅಥವಾ ತಾಯಿ. ಆದರೂ ಆ ದೀರ್ಘ ಕಾಲದಲ್ಲಿ ಅರ್ಜಿಯನ್ನು ಜೀವಂತವಾಗಿ ಇಟ್ಟುಕೊಳ್ಳುವ ಹೊಣೆ ಹೆಚ್ಚಾಗಿ ಮಕ್ಕಳ ಮೇಲೇ ಬೀಳುತ್ತದೆ. ಫಾರಂ ತುಂಬುವುದು ಒಂದು ವಾರದ ಕೆಲಸ. ಮಿಕ್ಕ ವರ್ಷಗಳಲ್ಲಿ ಏನು ಮಾಡಬಾರದೆಂದು ತಿಳಿದಿರುವುದೇ ನಿಜವಾದ ಕೆಲಸ.

ಯಾವ ವರ್ಗಕ್ಕೆ ಸೇರುತ್ತೀರಿ

ವಯಸ್ಕ ಮಕ್ಕಳಿಗೆ ಮೂರು ವರ್ಗಗಳಿವೆ. ತಂದೆ ಅಥವಾ ತಾಯಿ ಅಮೆರಿಕದ ಪೌರರಾಗಿದ್ದು ನೀವು ಅವಿವಾಹಿತರಾಗಿದ್ದರೆ ಅದು ಎಫ್1. ಅವರು ಪೌರರಾಗಿದ್ದು ನಿಮಗೆ ಮದುವೆಯಾಗಿದ್ದರೆ ಎಫ್3. ಅವರ ಬಳಿ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ಮಾತ್ರವಿದ್ದು ನೀವು ಅವಿವಾಹಿತರಾಗಿದ್ದರೆ ಎಫ್2ಬಿ. ಗ್ರೀನ್ ಕಾರ್ಡ್ ಹೊಂದಿದವರ ವಿವಾಹಿತ ಮಕ್ಕಳಿಗೆ ಯಾವ ವರ್ಗವೂ ಇಲ್ಲ. ವಿಚ್ಛೇದನ ಪಡೆದವರು ಮತ್ತು ಸಂಗಾತಿಯನ್ನು ಕಳೆದುಕೊಂಡವರು ಕಾನೂನಿನ ಕಣ್ಣಿನಲ್ಲಿ ಅವಿವಾಹಿತರೇ.

ಕುಟುಂಬ ಆಧಾರಿತ ಸರದಿಯ ಎಲ್ಲ ವರ್ಗಗಳಿಗೂ ಸೇರಿ ಕಾನೂನು ವರ್ಷಕ್ಕೆ ಕನಿಷ್ಠ 2,26,000 ವೀಸಾಗಳನ್ನು ಮೀಸಲಿಟ್ಟಿದೆ. ಅದರಲ್ಲಿ ಎಫ್1 ಮತ್ತು ಎಫ್3 ವರ್ಗಗಳ ಪಾಲು ತಲಾ 23,400. ಎಫ್2ಬಿಗೆ ಸಿಗುವುದು ಸುಮಾರು 26 ಸಾವಿರ. ಇದರ ಮೇಲೆ ಯಾವ ಒಂದು ದೇಶಕ್ಕೂ ಒಟ್ಟು ವೀಸಾಗಳ ಶೇಕಡಾ 7ಕ್ಕಿಂತ ಹೆಚ್ಚು ಹೋಗಬಾರದೆಂಬ ಮಿತಿಯೂ ಇದೆ. ಮೆಕ್ಸಿಕೊ ಮತ್ತು ಫಿಲಿಪೀನ್ಸ್ ದೇಶಗಳಲ್ಲಿ ಹುಟ್ಟಿದವರು ಉಳಿದವರಿಗಿಂತ ಹೆಚ್ಚು ಕಾಲ ಕಾಯಬೇಕಾಗಿರುವುದು ಈ ಮಿತಿಯಿಂದಲೇ. 2025ರಲ್ಲಿ ಎಫ್1 ವರ್ಗದ ಸಾಮಾನ್ಯ ಸರದಿ 2015 ಮತ್ತು 2016ರ ಅರ್ಜಿಗಳ ಬಳಿ ಇತ್ತು. ಎಫ್3 ಸರದಿ 2010 ಮತ್ತು 2011ರ ಆಸುಪಾಸಿನಲ್ಲಿತ್ತು. ಈ ಅಂತರ ನೋಡಿ ನಿಮಗೂ ಇಷ್ಟೇ ವರ್ಷ ಹಿಡಿಯುತ್ತದೆಂದು ಲೆಕ್ಕ ಹಾಕಬಾರದು. ನಿಮ್ಮ ಹಿಂದೆ ಮುಂದೆ ಎಷ್ಟು ಜನ ಸೇರಿದ್ದಾರೆ ಎಂಬುದರ ಮೇಲೆ ಸರದಿಯ ವೇಗ ಬದಲಾಗುತ್ತದೆ, ಕೆಲವೊಮ್ಮೆ ದಿನಾಂಕ ಹಿಂದಕ್ಕೂ ಸರಿಯುತ್ತದೆ.

ಐ-130 ಅರ್ಜಿ

ಎಲ್ಲಕ್ಕೂ ಮೊದಲು ಐ-130 ಎಂಬ ಅರ್ಜಿಯನ್ನು ನಿಮ್ಮ ತಂದೆ ಅಥವಾ ತಾಯಿ ಅಮೆರಿಕದ ಪೌರತ್ವ ಮತ್ತು ವಲಸೆ ಸೇವೆಗಳ ಇಲಾಖೆಗೆ, ಅಂದರೆ ಯುಎಸ್‌ಸಿಐಎಸ್‌ಗೆ, ಸಲ್ಲಿಸಬೇಕು. 2024ರ ಏಪ್ರಿಲ್‌ನಲ್ಲಿ ಜಾರಿಯಾದ ದರದ ಪ್ರಕಾರ ಆನ್‌ಲೈನ್ ಅರ್ಜಿಗೆ 625 ಡಾಲರ್, ಕಾಗದದ ಅರ್ಜಿಗೆ 675 ಡಾಲರ್. ದರಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಸಲ್ಲಿಸುವ ದಿನವೇ ಇಲಾಖೆಯ ಶುಲ್ಕ ಪಟ್ಟಿಯನ್ನು ನೋಡಿಕೊಳ್ಳಬೇಕು. ತಪ್ಪು ಮೊತ್ತ ಕಳಿಸಿದರೆ ಅರ್ಜಿ ಹಾಗೆಯೇ ವಾಪಸಾಗುತ್ತದೆ, ಸರದಿಯ ದಿನವೂ ಅದರೊಂದಿಗೆ ಕೈತಪ್ಪುತ್ತದೆ.

ಜೊತೆಗೆ ಬೇಕಾದ ಕಾಗದಗಳು ಹೆಚ್ಚಿಲ್ಲ. ಅರ್ಜಿದಾರರ ಪೌರತ್ವ ಅಥವಾ ಗ್ರೀನ್ ಕಾರ್ಡ್‌ನ ದಾಖಲೆ, ತಂದೆತಾಯಿಯ ಹೆಸರಿರುವ ನಿಮ್ಮ ಜನನ ಪ್ರಮಾಣಪತ್ರ, ಯಾರದಾದರೂ ಹೆಸರು ಬದಲಾಗಿದ್ದರೆ ಅದರ ಪುರಾವೆ. ಅರ್ಜಿ ಹಾಕುವವರು ತಂದೆಯಾಗಿದ್ದರೆ ತಂದೆತಾಯಿಯ ವಿವಾಹ ಪ್ರಮಾಣಪತ್ರವೂ ಬೇಕು, ತಾಯಿಯಾಗಿದ್ದರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮಲತಂದೆ ಅಥವಾ ಮಲತಾಯಿಯೂ ಅರ್ಜಿ ಹಾಕಬಹುದು. ಆದರೆ ಅವರ ಮದುವೆ ನಿಮಗೆ ಹದಿನೆಂಟು ತುಂಬುವ ಮೊದಲೇ ಆಗಿರಬೇಕು. ದತ್ತು ಸಂಬಂಧವಾದರೆ ಸಾಮಾನ್ಯವಾಗಿ ಹದಿನಾರರೊಳಗೆ ದತ್ತು ನಡೆದಿರಬೇಕು. ಇಂಗ್ಲಿಷಿನಲ್ಲಿಲ್ಲದ ಪ್ರತಿ ದಾಖಲೆಗೂ ಪೂರ್ಣ ಅನುವಾದವನ್ನು ಲಗತ್ತಿಸಬೇಕು. ಅನುವಾದ ಸರಿಯಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ಸಹಿ ಮಾಡಿರಬೇಕು. ಐ-130ಎ ಎಂಬ ಇನ್ನೊಂದು ಫಾರಂ ಗಂಡ ಅಥವಾ ಹೆಂಡತಿಗಾಗಿ ಹಾಕುವ ಅರ್ಜಿಗೆ ಮಾತ್ರ ಸೇರಿದ್ದು, ಮಕ್ಕಳು ಅದನ್ನು ತುಂಬಬೇಕಾಗಿಲ್ಲ.

ಜನನ ಪ್ರಮಾಣಪತ್ರವೇ ಇಲ್ಲದವರು, ಅಥವಾ ಹುಟ್ಟಿದ ಎಷ್ಟೋ ವರ್ಷದ ಮೇಲೆ ನೋಂದಣಿ ಮಾಡಿಸಿದವರು, ಇಲ್ಲಿಯೇ ಸ್ವಲ್ಪ ಸಮಯ ಕೊಡುವುದು ಒಳ್ಳೆಯದು. ದಾಖಲೆ ಲಭ್ಯವಿಲ್ಲವೆಂಬ ಪ್ರಾಧಿಕಾರದ ಪತ್ರ, ಶಾಲೆಯ ದಾಖಲೆ, ಹುಟ್ಟಿದ ಸಮಯವನ್ನು ಬಲ್ಲ ಹಿರಿಯರ ಅಫಿಡವಿಟ್ ಇವೆಲ್ಲ ಪರ್ಯಾಯ ಪುರಾವೆಯಾಗುತ್ತವೆ. ಆ ಹಿರಿಯರು ಇಂದು ನಮ್ಮೊಂದಿಗಿದ್ದಾರೆ. ಹತ್ತು ವರ್ಷದ ಮೇಲೆ ಸಂದರ್ಶನದಲ್ಲಿ ಕೇಳಿದಾಗ ಇರುತ್ತಾರೆಂಬ ಖಾತ್ರಿಯಿಲ್ಲ. ಹೆಸರಿನ ಕಾಗುಣಿತ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇದ್ದರೆ ಅದನ್ನೂ ಈಗಲೇ ಸರಿಪಡಿಸಿಕೊಳ್ಳಬೇಕು.

ಅರ್ಜಿ ತಲುಪಿದ ಮೇಲೆ ಐ-797 ಎಂಬ ಸ್ವೀಕೃತಿ ಪತ್ರ ಬರುತ್ತದೆ. ಅದರಲ್ಲಿರುವ ‘ಪ್ರಯಾರಿಟಿ ಡೇಟ್’, ಅಂದರೆ ಇಲಾಖೆಯ ಕೈಗೆ ಅರ್ಜಿ ಸೇರಿದ ದಿನ, ಸರದಿಯಲ್ಲಿ ನಿಮ್ಮ ಸ್ಥಾನವನ್ನು ಹೇಳುತ್ತದೆ. ಅರ್ಜಿ ಮಂಜೂರಾಗುವುದಕ್ಕೆ ಎರಡು ವರ್ಷ ಹಿಡಿದರೂ ಐದು ವರ್ಷ ಹಿಡಿದರೂ ಆ ಸ್ಥಾನ ಬದಲಾಗುವುದಿಲ್ಲವಾದ್ದರಿಂದ, ಮಂಜೂರಾತಿ ತಡವಾಯಿತೆಂದು ಕಂಗೆಡುವ ಕಾರಣವಿಲ್ಲ.

ಸರದಿಯ ವರ್ಷಗಳು

ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ‘ವೀಸಾ ಬುಲೆಟಿನ್’ ಪ್ರಕಟಿಸುತ್ತದೆ. ಅದರಲ್ಲಿ ಎರಡು ಕೋಷ್ಟಕಗಳಿವೆ. ಒಂದು ವೀಸಾ ಕೊಡುವ ಅಂತಿಮ ದಿನಾಂಕಗಳದ್ದು, ಇನ್ನೊಂದು ದಾಖಲೆ ಸಲ್ಲಿಸಲು ಆರಂಭಿಸಬಹುದಾದ ದಿನಾಂಕಗಳದ್ದು. ಮೊದಲ ಕೋಷ್ಟಕದಲ್ಲಿ ನಿಮ್ಮ ವರ್ಗದ ಸಾಲಿನಲ್ಲಿ, ನೀವು ಹುಟ್ಟಿದ ದೇಶದ ಕಾಲಂನಲ್ಲಿ ಇರುವ ದಿನಾಂಕಕ್ಕಿಂತ ನಿಮ್ಮ ಪ್ರಯಾರಿಟಿ ಡೇಟ್ ಹಿಂದಿನದಾಗಿದ್ದರೆ ಸರದಿ ಬಂದಂತೆ. ಇಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶವೇ ಹೊರತು ಈಗಿನ ಪೌರತ್ವವಲ್ಲ.

ಈ ಅವಧಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಮದುವೆಯದು. ಎಫ್1 ಅರ್ಜಿಯಲ್ಲಿರುವವರು ಮದುವೆಯಾದರೆ ಎಫ್3ಕ್ಕೆ ಜಾರುತ್ತಾರೆ. ಪ್ರಯಾರಿಟಿ ಡೇಟ್ ಉಳಿಯುತ್ತದೆ, ಕಾಯುವ ವರ್ಷಗಳು ಬೆಳೆಯುತ್ತವೆ, ಸಂಗಾತಿಯೂ ಅದೇ ಅರ್ಜಿಯಲ್ಲಿ ಬರಬಹುದೆಂಬುದು ಅಷ್ಟರ ಮಟ್ಟಿಗೆ ಸಮಾಧಾನ. ಎಫ್2ಬಿಯಲ್ಲಿರುವವರ ಸ್ಥಿತಿ ಹಾಗಲ್ಲ. ತಂದೆ ಅಥವಾ ತಾಯಿಗೆ ಇನ್ನೂ ಗ್ರೀನ್ ಕಾರ್ಡ್ ಮಾತ್ರವಿರುವಾಗ ನೀವು ಮದುವೆಯಾದರೆ ಅರ್ಜಿ ತಾನಾಗಿಯೇ ರದ್ದಾಗುತ್ತದೆ. ಆಮೇಲೆ ವಿಚ್ಛೇದನವಾದರೂ, ಅವರಿಗೆ ಪೌರತ್ವ ಸಿಕ್ಕರೂ ಸತ್ತ ಅರ್ಜಿಗೆ ಜೀವ ಬರುವುದಿಲ್ಲ. ಹೊಸ ಅರ್ಜಿ, ಹೊಸ ದಿನಾಂಕ, ಮೊದಲಿನಿಂದ ಸರದಿ. ಅದೇ, ಅವರು ಪೌರತ್ವದ ಪ್ರಮಾಣವಚನ ಸ್ವೀಕರಿಸಿದ ಮೇಲೆ ನೀವು ಮದುವೆಯಾದರೆ ಅರ್ಜಿ ಮೊದಲು ಎಫ್1 ಆಗಿ ಆಮೇಲೆ ಎಫ್3 ಆಗುತ್ತದೆ, ಹಳೆಯ ದಿನಾಂಕವೂ ಕೈಯಲ್ಲಿರುತ್ತದೆ. ಒಂದೇ ಕುಟುಂಬ, ಅದೇ ಎರಡು ಘಟನೆ. ಯಾವುದು ಮೊದಲು ನಡೆಯಿತೆಂಬುದಷ್ಟೇ ವ್ಯತ್ಯಾಸ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಪ್ರಮಾಣವಚನದ ದಿನಾಂಕ ಕೇಳಿಕೊಳ್ಳುವುದು ಇಂಥ ಕುಟುಂಬಗಳಲ್ಲಿ ಮುಹೂರ್ತ ನೋಡುವಷ್ಟೇ ಮುಖ್ಯ.

ಎರಡನೆಯ ಸಂಗತಿ ವಯಸ್ಸಿನದು. ಇಪ್ಪತ್ತೊಂದು ತುಂಬಿತೆಂದ ಕೂಡಲೆ ವಯಸ್ಕರ ಸರದಿಗೆ ಬಿದ್ದೆವೆಂದು ತೀರ್ಮಾನಿಸಬೇಡಿ. 2002ರಲ್ಲಿ ಬಂದ ಮಕ್ಕಳ ಸ್ಥಾನಮಾನ ಸಂರಕ್ಷಣಾ ಕಾಯ್ದೆ ವಯಸ್ಸನ್ನು ಲೆಕ್ಕ ಹಾಕುವ ಕ್ರಮವನ್ನೇ ಬದಲಿಸಿತು. ಪೌರರಾದ ತಂದೆ ಅಥವಾ ತಾಯಿ ನಿಮಗೆ ಇಪ್ಪತ್ತೊಂದು ತುಂಬುವ ಮೊದಲೇ ಅರ್ಜಿ ಹಾಕಿದ್ದರೆ, ಅವಿವಾಹಿತರಾಗಿ ಉಳಿಯುವವರೆಗೆ ನಿಮ್ಮ ವಯಸ್ಸು ಆ ದಿನದಲ್ಲೇ ನಿಂತಂತೆ. ಗ್ರೀನ್ ಕಾರ್ಡ್ ಇರುವವರು ಹಾಕಿದ ಅರ್ಜಿಯಾದರೆ ಸರದಿ ಬಂದ ದಿನದ ನಿಮ್ಮ ವಯಸ್ಸಿನಿಂದ, ಅರ್ಜಿ ಇಲಾಖೆಯಲ್ಲಿ ತೀರ್ಮಾನವಾಗದೆ ಉಳಿದಿದ್ದ ಅವಧಿಯನ್ನು ಕಳೆಯಬೇಕು. ಉದಾಹರಣೆಗೆ ಅರ್ಜಿ ಮಂಜೂರಾಗಲು ಒಂದೂವರೆ ವರ್ಷ ಹಿಡಿದಿದ್ದು, ಸರದಿ ಬಂದಾಗ ನಿಮಗೆ ಇಪ್ಪತ್ತೆರಡು ತುಂಬಿದ್ದರೆ, ಕಾನೂನಿನ ಲೆಕ್ಕದಲ್ಲಿ ನಿಮಗೆ ಇಪ್ಪತ್ತೂವರೆ, ನೀವಿನ್ನೂ ‘ಮಗು’. ಆದರೆ ಸರದಿ ಬಂದ ಒಂದು ವರ್ಷದೊಳಗೆ ವೀಸಾ ಪಡೆಯುವ ಮುಂದಿನ ಹೆಜ್ಜೆ ಇಟ್ಟಿರಬೇಕು. ಹೀಗೆ ಕಳೆದು ಲೆಕ್ಕ ಹಾಕಿದ ಮೇಲೂ ವಯಸ್ಸು ಮೀರಿದರೆ ಅರ್ಜಿ ಎಫ್2ಬಿ ಆಗಿ, ಹಳೆಯ ದಿನಾಂಕದೊಡನೆ ಮುಂದುವರಿಯುತ್ತದೆ.

ತಂದೆ ಅಥವಾ ತಾಯಿ ಪೌರರಾದಾಗ ಎಫ್2ಬಿ ಅರ್ಜಿ ತಾನಾಗಿ ಎಫ್1 ಆಗುತ್ತದೆ. ಅದು ಯಾವಾಗಲೂ ಲಾಭದ ಸಂಗತಿಯಲ್ಲ. ಎಫ್1 ಸರದಿ ಎಫ್2ಬಿಗಿಂತ ಹಿಂದಿರುವುದೂ ಉಂಟು. ಅಂಥ ಸಂದರ್ಭದಲ್ಲಿ ಎಫ್2ಬಿಯಲ್ಲೇ ಉಳಿಯುತ್ತೇನೆಂದು ಯುಎಸ್‌ಸಿಐಎಸ್‌ಗೆ ಬರೆದು ಕೇಳಿಕೊಳ್ಳಲು ಅವಕಾಶವಿದೆ.

ಅರ್ಜಿ ಹಾಕಿದವರು ನಡುವೆಯೇ ತೀರಿಕೊಂಡರೆ ಅರ್ಜಿಯೂ ರದ್ದಾಗುವುದು ಸಾಮಾನ್ಯ ನಿಯಮ. ಮಂಜೂರಾಗಿದ್ದ ಅರ್ಜಿಯಾದರೆ ಮಾನವೀಯ ನೆಲೆಯಲ್ಲಿ ಅದನ್ನು ಪುನಃ ಊರ್ಜಿತಗೊಳಿಸುವಂತೆ ಕೋರಬಹುದು, ಆರ್ಥಿಕ ಹೊಣೆ ಹೊರಲು ಕಾನೂನು ಒಪ್ಪುವ ಹತ್ತಿರದ ಸಂಬಂಧಿಯೊಬ್ಬರು ಮುಂದೆ ಬರಬೇಕು. ಅದು ಇಲಾಖೆಯ ವಿವೇಚನೆಗೆ ಬಿಟ್ಟದ್ದು, ಹಕ್ಕಲ್ಲ. ತಂದೆ ಮತ್ತು ತಾಯಿ ಇಬ್ಬರೂ ಅರ್ಹರಾಗಿದ್ದರೆ ಇಬ್ಬರೂ ಪ್ರತ್ಯೇಕ ಅರ್ಜಿ ಹಾಕುವುದಕ್ಕೆ ಅಡ್ಡಿಯಿಲ್ಲ. ಇನ್ನೊಂದು ಶುಲ್ಕ ದುಬಾರಿ ಅನ್ನಿಸಿದರೂ ಇಳಿವಯಸ್ಸಿನ ತಂದೆತಾಯಿಯ ವಿಷಯದಲ್ಲಿ ಅದು ಸಾರ್ಥಕವಾದ ಖರ್ಚೆಂದು ನನ್ನ ಅಭಿಪ್ರಾಯ.

ಕಾಯುವ ಕಾಲದಲ್ಲಿ ಪ್ರವಾಸಿ ವೀಸಾ ಕೇಳಬಾರದೆಂದೇನಿಲ್ಲ. ಆದರೆ ಅದಕ್ಕೆ ತುಂಬುವ ಡಿಎಸ್-160 ಫಾರಂನಲ್ಲಿ ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಸಲ್ಲಿಸಿದ್ದಾರೆಯೇ ಎಂಬ ಪ್ರಶ್ನೆಯಿದೆ. ‘ಹೌದು’ ಎಂದರೆ ವೀಸಾ ನಿರಾಕರಣೆಯಾಗುವ ಸಾಧ್ಯತೆ ಹೆಚ್ಚುತ್ತದೆ. ‘ಇಲ್ಲ’ ಎಂದು ಸುಳ್ಳು ಹೇಳಿದರೆ ಮುಂದೆ ವಲಸೆ ವೀಸಾಕ್ಕೇ ಶಾಶ್ವತ ತಡೆ ಬೀಳಬಹುದು. ಅಮೆರಿಕದಲ್ಲಿ ಅನುಮತಿಯ ಅವಧಿ ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟವರಿಗೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದವರಿಗೆ 10 ವರ್ಷ ಪ್ರವೇಶ ನಿರ್ಬಂಧವಿದೆ. ಎಷ್ಟೋ ವರ್ಷ ಕಾದ ಸರದಿ ಬಂದರೂ ಆ ನಿರ್ಬಂಧ ತಾನಾಗಿ ತೆರವಾಗುವುದಿಲ್ಲ.

ಎನ್‌ವಿಸಿ ಹಂತ

ಮಂಜೂರಾದ ಕಡತ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ, ಅಂದರೆ ಎನ್‌ವಿಸಿಗೆ, ಹೋಗಿ ಅಲ್ಲಿ ಸರದಿ ಹತ್ತಿರವಾಗುವವರೆಗೆ ಇರುತ್ತದೆ. ವಿಳಾಸ, ಇ-ಮೇಲ್, ವೈವಾಹಿಕ ಸ್ಥಿತಿ ಬದಲಾದರೆ ಎನ್‌ವಿಸಿಗೆ ತಿಳಿಸುತ್ತಿರಬೇಕು, ಏಕೆಂದರೆ ಸರದಿ ಬಂದ ಸೂಚನೆ ಹೊರಟ ಮೇಲೆ ಒಂದು ವರ್ಷದವರೆಗೆ ನಿಮ್ಮಿಂದ ಯಾವ ಪ್ರತಿಕ್ರಿಯೆಯೂ ಬರದಿದ್ದರೆ ಕಡತವನ್ನೇ ಮುಚ್ಚುವ ಅಧಿಕಾರ ಕಾನೂನಿನಲ್ಲಿದೆ. ಬಳಸದೆ ಬಿಟ್ಟ ಹಳೆಯ ಇ-ಮೇಲ್ ವಿಳಾಸಕ್ಕೆ ಸೂಚನೆ ಬಂದು ಬಿದ್ದಿರುವುದು ನೀವಂದುಕೊಂಡಷ್ಟು ಅಪರೂಪವಲ್ಲ.

ಸೂಚನೆ ಬಂದ ಮೇಲೆ ಎರಡು ಶುಲ್ಕ ಕಟ್ಟಬೇಕು: ಆರ್ಥಿಕ ಹೊಣೆಪತ್ರದ ಪರಿಶೀಲನೆಗೆ 120 ಡಾಲರ್, ವೀಸಾ ಅರ್ಜಿಗೆ ತಲಾ 325 ಡಾಲರ್. ಅನಂತರ ಪ್ರತಿಯೊಬ್ಬರೂ ಡಿಎಸ್-260 ಎಂಬ ಆನ್‌ಲೈನ್ ಅರ್ಜಿ ತುಂಬಬೇಕು. ಹದಿನಾರನೆಯ ವಯಸ್ಸಿನಿಂದ ವಾಸವಿದ್ದ ಎಲ್ಲ ವಿಳಾಸಗಳನ್ನೂ ಕಳೆದ ಐದು ವರ್ಷ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಅದು ಕೇಳುತ್ತದೆ. ವಿಳಾಸಗಳ ಪಟ್ಟಿಯನ್ನು ಈಗಿನಿಂದಲೇ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಆಗ ಪರದಾಟ ತಪ್ಪುತ್ತದೆ. ಹದಿನಾರು ದಾಟಿದವರಿಗೆ ಪೊಲೀಸ್ ಪ್ರಮಾಣಪತ್ರವೂ ಬೇಕು. ಬೇರೆ ದೇಶದಲ್ಲಿ ಒಂದು ವರ್ಷ ಅಥವಾ ಹೆಚ್ಚು ಕಾಲ ಇದ್ದವರು ಆ ದೇಶದಿಂದಲೂ ತರಿಸಬೇಕು.

ಐ-864 ಎಂಬ ಹೊಣೆಪತ್ರದಲ್ಲಿ ತಂದೆ ಅಥವಾ ತಾಯಿ ತಮ್ಮ ಆದಾಯ ಸರ್ಕಾರದ ಬಡತನ ಮಾನದಂಡದ ಶೇಕಡಾ 125ಕ್ಕಿಂತ ಕಡಿಮೆಯಿಲ್ಲವೆಂದು ತೋರಿಸಬೇಕು. 2025ರ ಲೆಕ್ಕದಲ್ಲಿ ಇಬ್ಬರ ಕುಟುಂಬಕ್ಕೆ ಅದು ವರ್ಷಕ್ಕೆ 26,437 ಡಾಲರ್. ನಿವೃತ್ತರಾದ ತಂದೆತಾಯಿಗೆ ಈ ಮೊತ್ತ ಮುಟ್ಟುವುದು ಕಷ್ಟವಾಗಬಹುದು. ಆಗ ಆಸ್ತಿಯನ್ನು ತೋರಿಸಬಹುದು, ಆದರೆ ವಯಸ್ಕ ಮಕ್ಕಳ ವಿಷಯದಲ್ಲಿ ಆಸ್ತಿಯ ನಿವ್ವಳ ಬೆಲೆ ಕೊರತೆಯ ಐದು ಪಟ್ಟು ಇರಬೇಕು. ಇಲ್ಲವೇ ಅಮೆರಿಕದಲ್ಲಿ ನೆಲೆಸಿರುವ ಪೌರರು ಅಥವಾ ಗ್ರೀನ್ ಕಾರ್ಡ್ ಹೊಂದಿದವರೊಬ್ಬರು ಜಂಟಿ ಸ್ಪಾನ್ಸರ್ ಆಗಬಹುದು. ಸಹಿ ಕೇಳುವ ಮೊದಲು ಅವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ಈ ಹೊಣೆ ಬರಿಯ ಔಪಚಾರಿಕತೆಯಲ್ಲ, ಸಾಮಾನ್ಯವಾಗಿ ನೀವು ಪೌರರಾಗುವವರೆಗೆ ಅಥವಾ ನಿಮ್ಮ ಹೆಸರಿನಲ್ಲಿ 40 ತ್ರೈಮಾಸಿಕಗಳ ದುಡಿಮೆ ಜಮೆಯಾಗುವವರೆಗೆ ಅದು ಕಾನೂನಿನಲ್ಲಿ ಊರ್ಜಿತ. ಜಂಟಿ ಸ್ಪಾನ್ಸರ್ ಇದ್ದರೂ ತಂದೆ ಅಥವಾ ತಾಯಿಯ ಹೊಣೆಪತ್ರ ಬೇಕೇ ಬೇಕು.

ಸಂದರ್ಶನ ಮತ್ತು ಪ್ರವೇಶ

ದಾಖಲೆಗಳು ಪೂರ್ಣವಾಗಿ ಸರದಿಯೂ ಬಂದ ಮೇಲೆ ಸಂದರ್ಶನದ ದಿನ ಗೊತ್ತಾಗುತ್ತದೆ. ಅದಕ್ಕೆ ಮೊದಲು ಕಾನ್ಸುಲೇಟ್ ಮಾನ್ಯ ಮಾಡಿದ ವೈದ್ಯರಲ್ಲೇ ತಪಾಸಣೆ ಮತ್ತು ಲಸಿಕೆ ಆಗಬೇಕು. ಕುಟುಂಬದ ವೈದ್ಯರ ವರದಿ ನಡೆಯುವುದಿಲ್ಲ. ಸಂದರ್ಶನಕ್ಕೆ ಮೂಲ ದಾಖಲೆಗಳನ್ನು ಒಯ್ಯಬೇಕು. ಸಂಬಂಧದ ಪುರಾವೆ ಸಾಲದೆನಿಸಿದರೆ ಅಧಿಕಾರಿ ಡಿಎನ್‌ಎ ಪರೀಕ್ಷೆ ಸೂಚಿಸಬಹುದು. ಅದರಿಂದ ಅವಮಾನಪಡಬೇಕಾಗಿಲ್ಲ, ಮಾನ್ಯತೆ ಪಡೆದ ಪ್ರಯೋಗಾಲಯದ ಮೂಲಕವೇ ಮಾಡಿಸಿದರೆ ಸಾಕು.

ವೀಸಾದ ಅವಧಿ ಸಾಮಾನ್ಯವಾಗಿ ಗರಿಷ್ಠ ಆರು ತಿಂಗಳು. ವೈದ್ಯಕೀಯ ವರದಿಯ ಅವಧಿ ಮುಗಿಯುವುದಿದ್ದರೆ ಇನ್ನೂ ಕಡಿಮೆ. ಪ್ರಯಾಣಕ್ಕೆ ಮೊದಲು 235 ಡಾಲರ್ ವಲಸೆ ಶುಲ್ಕವನ್ನು ಆನ್‌ಲೈನ್‌ನಲ್ಲಿ ಕಟ್ಟಬೇಕು. ನಿಮ್ಮ ಅರ್ಜಿಯ ಜೊತೆ ಬರುವ ಸಂಗಾತಿ ಅಥವಾ ಮಕ್ಕಳು ನಿಮಗಿಂತ ಮೊದಲು ಪ್ರವೇಶಿಸುವಂತಿಲ್ಲ. ಎಫ್1 ಅಥವಾ ಎಫ್2ಬಿ ವೀಸಾ ಪಡೆದವರು ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಒಳಗೆ ಬಿಡುವ ಗಳಿಗೆಯವರೆಗೂ ಅವಿವಾಹಿತರಾಗಿರಬೇಕು: ವೀಸಾ ಕೈಗೆ ಬಂದಿದೆ, ಹೊರಡುವ ಮೊದಲು ನೆಂಟರಿಷ್ಟರ ಮುಂದೆ ತಾಳಿ ಕಟ್ಟಿಸಿಬಿಡೋಣ ಎಂದು ಮನೆಯವರು ಆತುರಪಟ್ಟರೆ ಆ ವೀಸಾ ಅಲ್ಲಿಗೇ ಅಸಿಂಧು. ಒಳಗೆ ಹೋಗಿ ಗ್ರೀನ್ ಕಾರ್ಡ್ ಪಡೆದು, ವಾಪಸು ಬಂದು ಮದುವೆಯಾಗಿ, ಆಮೇಲೆ ಸಂಗಾತಿಗಾಗಿ ಎಫ್2ಎ ವರ್ಗದಲ್ಲಿ ನೀವೇ ಐ-130 ಸಲ್ಲಿಸಬಹುದು.