ಮಗುವಿನ ದೀಕ್ಷಾಸ್ನಾನ: ಊರಲ್ಲೋ, ವಾಸ್ಕೊದಲ್ಲೋ?

ನಮ್ಮ ಓಣಿಯ ಕನ್ನಡದವರ ಮನೆಯಲ್ಲಿ ಮಗು ಹುಟ್ಟಿದರೆ, ಎರಡು ವಾರದೊಳಗೆ ಯಾರಾದರೂ ನನ್ನ ಬಾಗಿಲು ತಟ್ಟುತ್ತಾರೆ. "ಆಂಟಿ, ಜ್ಞಾನಸ್ನಾನ ಊರಲ್ಲಿ ಮಾಡಿಸೋದಾ, ಇಲ್ಲೇ ಮಾಡಿಸೋದಾ?" ಜ್ಞಾನಸ್ನಾನ ಅಂದರೆ ದೀಕ್ಷಾಸ್ನಾನವೇ, ಮಗುವನ್ನು ಕ್ರೈಸ್ತ ಸಭೆಗೆ ಸೇರಿಸುವ ಸಂಸ್ಕಾರ (ಬ್ಯಾಪ್ಟಿಸಮ್). ನಾನು ಹಾಸನದ ಕಡೆಯವಳು. ಮದುವೆಯಾಗಿ ಗೋವಾದ ವಾಸ್ಕೊಗೆ ಬಂದು 31 ವರ್ಷವಾಯಿತು. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ, ಅದಕ್ಕೇ ಈ ವಿಚಾರಣೆ.

ನನ್ನ ಉತ್ತರ ಒಂದೇ: ಇಲ್ಲೇ ಮಾಡಿಸಿ. ಸಭೆಯ, ಅಂದರೆ ನಮ್ಮ ಕಥೋಲಿಕ ಚರ್ಚಿನ, ಕಾನೂನೂ ಸಾಮಾನ್ಯವಾಗಿ ತಂದೆತಾಯಿಯ ಧರ್ಮಕೇಂದ್ರದಲ್ಲೇ (ಅವರು ಸೇರಿದ ಚರ್ಚಿನಲ್ಲೇ) ಎನ್ನುತ್ತದೆ. ಅಜ್ಜಿ ಹಟ ಹಿಡಿದು ಊರಲ್ಲೇ ಆಗಬೇಕೆಂದರೆ, ಇಲ್ಲಿನ ಫಾದರ್ ಹತ್ತಿರ ಒಪ್ಪಿಗೆ ಪತ್ರ ಬರೆಸಿಕೊಂಡು ಹೋಗಿ.

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ದೊಡ್ಡ ಮಗಳಿಗೆ ಊರಲ್ಲಿ ಮಾಡಿಸಿದೆವು. ಇಪ್ಪತ್ತಾರು ವರ್ಷದ ಮೇಲೆ ಮದುವೆ ಗೊತ್ತಾದಾಗ ದೀಕ್ಷಾಸ್ನಾನದ ಸರ್ಟಿಫಿಕೇಟಿನ ಹೊಸ ಪ್ರತಿ ಕೇಳಿದರು. ನಮ್ಮವರು ರಾತ್ರಿ ಬಸ್ಸು ಹತ್ತಿ ಹೋಗಿ ನೋಡಿದರೆ, ರಿಜಿಸ್ಟರಿನಲ್ಲಿ ಅವಳ ಹೆಸರೇ ಬೇರೆ! ಮನೆಯಲ್ಲಿ ಕರೆಯುವ ಹೆಸರನ್ನು ಬರೆಸಿದ್ದೆವು. ಅವತ್ತು ಊಟದ ಗಡಿಬಿಡಿಯಲ್ಲಿ ಯಾರೂ ಓದಿ ನೋಡಿರಲಿಲ್ಲ. ಆ ಒಂದು ಸಾಲಿಗೆ ಎರಡು ಸಲ ಊರಿಗೆ ಓಡಾಟ. ಮುಂದೆ ದೃಢೀಕರಣ (ವಿಶ್ವಾಸವನ್ನು ಗಟ್ಟಿಗೊಳಿಸುವ ಸಂಸ್ಕಾರ, ಕನ್ಫರ್ಮೇಶನ್), ಮದುವೆ ಎಲ್ಲ ಬರೆಯುವುದೂ ಅದೇ ಪುಸ್ತಕದಲ್ಲಿ. ಹಾಗಾಗಿ ಕೇಕ್ ಕತ್ತರಿಸುವ ಮೊದಲು ಚರ್ಚಿನ ಆಫೀಸಿಗೆ ಹೋಗಿ ಆ ಸಾಲನ್ನು ಜನನ ಪತ್ರದ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ.

ಹೆಸರು ಕನ್ನಡದ್ದೇ ಇರಬಹುದು. ಕ್ರೈಸ್ತ ಭಾವನೆಗೆ ಹೊಂದದ ಹೆಸರಾಗಬಾರದು, ಅಷ್ಟೇ.

ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಮಾಡಿಸಬೇಕು ಎನ್ನುತ್ತದೆ ಕಾನೂನು. ಹೆರಿಗೆಗೆ ಮೊದಲೇ ಫಾದರ್‌ಗೆ ಹೇಳಿಟ್ಟರೆ ಒಳ್ಳೆಯದು, ತಂದೆತಾಯಿಗೆ ತರಗತಿ ಇರುತ್ತದೆ. ಕಾಗದಪತ್ರ ಏನೇನು ಬೇಕೆಂದು ಆಫೀಸಿನಲ್ಲೇ ಕೇಳಿ, ಒಂದೊಂದು ಕಡೆ ಒಂದೊಂದು ರೀತಿ.

ಇನ್ನು ಜಗಳ ಹುಟ್ಟುವ ವಿಷಯ, ಜ್ಞಾನತಂದೆ ಜ್ಞಾನತಾಯಿ, ಅಂದರೆ ಮಗುವಿನ ವಿಶ್ವಾಸಕ್ಕೆ ಹೊಣೆಯಾಗಿ ನಿಲ್ಲುವವರು (ಗಾಡ್‌ಫಾದರ್, ಗಾಡ್‌ಮದರ್). ನಮ್ಮಲ್ಲಿ ಸೋದರಮಾವ ಅಂದರೆ ತನ್ನಿಂತಾನೇ ಜ್ಞಾನತಂದೆ. ಬಂಗಾರದ ಚೈನು ತರುವವನು ಅವನೇ ಅಲ್ವಾ! ಆದರೆ ಸಭೆ ಕೇಳುವುದು ಬೇರೆ. 16 ವರ್ಷ ತುಂಬಿರಬೇಕು. ಕಥೋಲಿಕರಾಗಿರಬೇಕು, ಪರಮಪ್ರಸಾದ (ಕಮ್ಯೂನಿಯನ್) ಮತ್ತು ದೃಢೀಕರಣ ಪಡೆದಿರಬೇಕು, ವಿಶ್ವಾಸದಲ್ಲಿ ಬಾಳುತ್ತಿರಬೇಕು. ಹೆತ್ತವರೇ ಆಗುವಂತಿಲ್ಲ. ಒಬ್ಬರಿದ್ದರೂ ಸಾಕು; ಇಬ್ಬರಾದರೆ ಒಂದು ಗಂಡು, ಒಂದು ಹೆಣ್ಣು. ಪ್ರೊಟೆಸ್ಟೆಂಟ್ ಗೆಳೆಯರು ಕಥೋಲಿಕರೊಬ್ಬರ ಜೊತೆಗೆ ಸಾಕ್ಷಿಯಾಗಿ ನಿಲ್ಲಬಹುದು. ಮಾವ ಚರ್ಚಿನ ಪೂಜೆಗೆ ಬಂದು ಹತ್ತು ವರ್ಷವಾಗಿದ್ದರೆ ಚೈನು ಇಸ್ಕೊಳ್ಳಿ, ಜ್ಞಾನತಂದೆಯಾಗಿ ಬೇರೆಯವರನ್ನು ನಿಲ್ಲಿಸಿ. ಹೀಗೆ ಹೇಳಿ ಎರಡು ಮನೆಯವರ ಮುನಿಸು ಕಟ್ಟಿಕೊಂಡಿದ್ದೇನೆ.

ಇಲ್ಲಿ ಪೂಜೆ ಕೊಂಕಣಿಯಲ್ಲೋ ಇಂಗ್ಲಿಷಿನಲ್ಲೋ ನಡೆಯುತ್ತದೆ. ನಮ್ಮ ಹೆಣ್ಣುಮಕ್ಕಳು ಸುಮ್ನೆ ತಲೆ ತಗ್ಗಿಸಿ ನಿಂತಿರುತ್ತಾರೆ. ಮಗುವಿಗೆ ಮಾತು ಬರುವುದಿಲ್ಲ, ಅದರ ಪರವಾಗಿ ನೀವೂ ಮಾತಾಡದಿದ್ದರೆ ಹೇಗೆ? ಅದಕ್ಕೇ ಹಿಂದಿನ ದಿನ ನಮ್ಮ ಅಡುಗೆಮನೆಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ.

ಚರ್ಚಿನ ಬಾಗಿಲಲ್ಲೇ ಕೇಳುತ್ತಾರೆ: ಮಗುವಿಗೆ ಏನು ಹೆಸರು? ದೇವರ ಸಭೆಯಿಂದ ಏನು ಬಯಸುತ್ತೀರಿ? "ದೀಕ್ಷಾಸ್ನಾನ" ಎನ್ನಿ. ಫಾದರ್ ಹಣೆಗೆ ಶಿಲುಬೆ ಗುರುತು ಹಾಕುತ್ತಾರೆ, ಆಮೇಲೆ ನೀವೂ, ಜ್ಞಾನತಂದೆತಾಯಿಯೂ. ಈ ಮಗು ಕ್ರಿಸ್ತನದು ಎಂಬ ಗುರುತು ಅದು. ಬೈಬಲ್ ವಾಚನ, ಸಂತರ ಪ್ರಾರ್ಥನೆ ಆದ ಮೇಲೆ ಎದೆಗೆ ಎಣ್ಣೆ, ಕೇಡಿನ ಎದುರು ನಿಲ್ಲುವ ಬಲಕ್ಕೆ. ಸೈತಾನನನ್ನು ತ್ಯಜಿಸುತ್ತೀರಾ ಎಂದಾಗ "ತ್ಯಜಿಸುತ್ತೇನೆ", ಆಮೇಲೆ "ವಿಶ್ವಾಸಿಸುತ್ತೇನೆ". ಗಟ್ಟಿಯಾಗಿ ಹೇಳಿ. ತಲೆಗೆ ಮೂರು ಸಲ ನೀರು ಹೊಯ್ಯುವಾಗ ಜನ್ಮಪಾಪ ತೊಳೆದುಹೋಗಿ ಮಗು ಕ್ರಿಸ್ತನಲ್ಲಿ ಹೊಸದಾಗಿ ಹುಟ್ಟುತ್ತದೆ ಎಂಬುದು ನಮ್ಮ ನಂಬಿಕೆ. ಬರಿ ಹೆಸರಿಡುವ ಶಾಸ್ತ್ರ ಅಲ್ಲ. ಮುಂದೆ ನೆತ್ತಿಗೆ ಪವಿತ್ರ ತೈಲ, ಬಿಳಿ ಬಟ್ಟೆ, ಪಾಸ್ಕ (ಈಸ್ಟರ್) ಮೇಣದಬತ್ತಿಯಿಂದ ಹಚ್ಚಿದ ಪುಟ್ಟ ಬತ್ತಿ. ಫ್ರಾಕಿಗೆ ಜಾಸ್ತಿ ಲೇಸು ಬೇಡ, ಎದೆ ಬಿಚ್ಚಲು ಬರುವಂತಿರಲಿ. ಬತ್ತಿಯನ್ನು ಮಗುವಿನ ಹತ್ತಿರ ಹಿಡಿಯಬೇಡಿ.

ಊರಿಂದ ಬಂದ ನೆಂಟರನ್ನು ಮರುದಿನ ಹಳೇ ಗೋವಾದ ಸೆ ಕೆಥೆಡ್ರಲ್‌ಗೆ ಕರೆದುಕೊಂಡು ಹೋಗಿ. 1532ರ ದೀಕ್ಷಾಸ್ನಾನದ ತೊಟ್ಟಿ ಇನ್ನೂ ಅಲ್ಲಿದೆ. ಸಂತ ಫ್ರಾನ್ಸಿಸ್ ಝೇವಿಯರ್ ಬಳಸಿದ್ದು ಎನ್ನುತ್ತಾರೆ.

ಕೊನೆಯದಾಗಿ, ಯಾರೂ ಕೇಳದ ವಿಷಯ. ಮಗುವಿನ ಪ್ರಾಣಕ್ಕೇ ಅಪಾಯವಿದ್ದು ಫಾದರ್ ಸಿಗದಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ಸಭೆ ಮಾಡುವುದನ್ನೇ ನಾನೂ ಮಾಡುತ್ತಿದ್ದೇನೆ ಎಂಬ ಮನಸ್ಸಿರಬೇಕು, ಅಷ್ಟೇ. ಶುದ್ಧ ನೀರು ಸಾಕು. ಹೆಸರು ಹಿಡಿದು, "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ" ಎನ್ನುತ್ತಾ ತಲೆಗೆ ಹೊಯ್ಯಿರಿ. "ನಾವು" ಎನ್ನಬಾರದು, ಅದು ಸಲ್ಲುವುದಿಲ್ಲ ಎಂದು ರೋಮ್ (ವ್ಯಾಟಿಕನ್) 2020ರಲ್ಲಿ ಸ್ಪಷ್ಟವಾಗಿ ಹೇಳಿದೆ.

ತಂಗಿಯ ಮಗ ಏಳು ತಿಂಗಳಿಗೇ ಹುಟ್ಟಿದಾಗ ನಾನೇ ಕೊಟ್ಟೆ. ನರ್ಸ್ ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟಳು. ಕೈ ನಡುಗಿ ಅರ್ಧ ನೀರು ನನ್ನ ಸೀರೆಗೇ ಬಿತ್ತು. ಮಗು ಬದುಕಿತು. ಮೂರು ತಿಂಗಳ ಮೇಲೆ ಚರ್ಚಿನಲ್ಲಿ ಎಣ್ಣೆ, ಬಟ್ಟೆ, ಬತ್ತಿ ಎಲ್ಲ ಆಯಿತು. ನೀರು ಮಾತ್ರ ಮತ್ತೆ ಹಾಕಲಿಲ್ಲ, ದೀಕ್ಷಾಸ್ನಾನ ಒಂದೇ ಸಲ. ರಿಜಿಸ್ಟರಿನಲ್ಲಿ ದೀಕ್ಷಾಸ್ನಾನ ಕೊಟ್ಟವರ ಜಾಗದಲ್ಲಿ ನನ್ನ ಹೆಸರಿದೆ. ಅದರ ಸ್ಪೆಲಿಂಗನ್ನೂ ನೋಡಿಯೇ ಬಂದೆ.