ಲಾನ್ಸರೋಟೆಯಲ್ಲಿ ಸರ್ಫಿಂಗ್ ಕಲಿಯುವ ಮೊದಲ ವಾರ: ಯೋಜನೆ ಹೇಗಿರಬೇಕು?

ಆಫ್ರಿಕಾದ ತೀರದಿಂದ ಸುಮಾರು 125 ಕಿ.ಮೀ. ದೂರದಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ ಇರುವ ಲಾನ್ಸರೋಟೆ ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಲ್ಲಿ ಒಂದು. ಈ ದ್ವೀಪದ ವಾಯವ್ಯ ತೀರದಲ್ಲಿ ಫಮಾರಾ ಎಂಬ ಉದ್ದನೆಯ ಮರಳಿನ ಕಡಲತೀರವಿದೆ. ಅದರ ಬೆನ್ನಿಗೆ ಸುಮಾರು 600 ಮೀಟರ್‌ಗಿಂತ ಎತ್ತರದ ಕಡಿದಾದ ಬಂಡೆಗೋಡೆ, ಎದುರಿಗೆ ಲಾ ಗ್ರಾಸಿಯೋಸಾ ಎಂಬ ಪುಟ್ಟ ದ್ವೀಪ, ಪಕ್ಕದಲ್ಲಿ ಬೀದಿಗಳಲ್ಲೂ ಮರಳು ತುಂಬಿರುವ ಕಾಲೆತಾ ದೆ ಫಮಾರಾ ಎಂಬ ಬಿಳಿ ಮನೆಗಳ ಮೀನುಗಾರರ ಊರು. ಸರ್ಫಿಂಗ್ ಹಲಗೆಯ ಮೇಲೆ ಎಂದೂ ನಿಲ್ಲದವರು ಒಂದು ವಾರದಲ್ಲಿ ಅದನ್ನು ಕಲಿಯಲು ಹೊರಟರೆ ನಾನು ಮೊದಲು ಸೂಚಿಸುವ ಜಾಗ ಇದು. ದ್ವೀಪದ ಹೆಸರಾಂತ ಅಲೆಗಳು ಬಹುಪಾಲು ಲಾವಾ ಬಂಡೆಗಳ ಮೇಲೆ ಒಡೆಯುತ್ತವೆ. ಲಾ ಸಾಂತಾ ಊರಿನ ಎಲ್ ಕೆಮಾವ್ ಅಲೆಯಂತೂ ಪರಿಣತರಿಗಷ್ಟೇ ತಕ್ಕದ್ದು. ಫಮಾರಾದಲ್ಲಿ ಮಾತ್ರ ಬಿದ್ದರೆ ಕೆಳಗೆ ಸಿಗುವುದು ಮರಳು.

ಇಂತಹ ಪ್ರವಾಸ ಕೆಡುವುದು ಸಾಮಾನ್ಯವಾಗಿ ಊರಿನ ಆಯ್ಕೆಯಿಂದಲ್ಲ, ವಾರದ ಆಯ್ಕೆಯಿಂದ. ಕೆನರಿ ದ್ವೀಪಗಳಿಗೆ ದೊಡ್ಡ ಅಲೆಗಳು ಬರುವುದು ಉತ್ತರ ಅಟ್ಲಾಂಟಿಕ್‌ನ ಚಳಿಗಾಲದ ಚಂಡಮಾರುತಗಳಿಂದ. ಆದ್ದರಿಂದ ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲೆಗಳು ಎತ್ತರವಾಗಿಯೂ ಬಲವಾಗಿಯೂ ಇರುತ್ತವೆ, ಕೆಲವು ದಿನ ಹೊಸಬರು ನೀರಿಗಿಳಿಯಲು ಸಾಧ್ಯವೇ ಆಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಅಲೆಗಳು ಚಿಕ್ಕವಾದರೂ ಈಶಾನ್ಯದ ವಾಣಿಜ್ಯ ಮಾರುತ ಬಿಡದೆ ಬೀಸಿ ನೀರಿನ ಮೇಲ್ಮೈಯನ್ನು ಕದಡುತ್ತದೆ. ಇವೆರಡರ ನಡುವಿನ ಮೇ ತಿಂಗಳು, ಅದಕ್ಕಿಂತಲೂ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ಮೊದಲ ಭಾಗ ಕಲಿಯುವವರಿಗೆ ಹೆಚ್ಚು ಅನುಕೂಲ. ಫೆಬ್ರವರಿ, ಮಾರ್ಚ್‌ನಲ್ಲಿ 18 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವ ಸಮುದ್ರದ ನೀರು ಸೆಪ್ಟೆಂಬರ್ ಹೊತ್ತಿಗೆ 22–23 ಡಿಗ್ರಿಗೆ ಏರಿರುತ್ತದೆ. ನಮ್ಮ ಅರಬ್ಬೀ ಸಮುದ್ರದ ಬೆಚ್ಚನೆಯ ನೀರಿಗೆ ಒಗ್ಗಿದವರಿಗೆ ಅದೂ ತಣ್ಣಗೇ ಅನ್ನಿಸುವುದರಿಂದ ಮೈಮುಚ್ಚುವ ವೆಟ್‌ಸೂಟ್ ಎಲ್ಲ ಕಾಲದಲ್ಲೂ ಬೇಕು.

ತಿಂಗಳು ಗೊತ್ತಾದ ಮೇಲೆ ಪಂಚಾಂಗವನ್ನೂ ಒಮ್ಮೆ ನೋಡಬೇಕು. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ವ್ಯತ್ಯಾಸ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಇಲ್ಲಿ ಆ ವ್ಯತ್ಯಾಸ ಹುಣ್ಣಿಮೆಯ ದಿನಗಳಲ್ಲಿ ಎರಡೂವರೆ ಮೀಟರ್‌ವರೆಗೂ ಹೋಗುತ್ತದೆ, ಎಂದರೆ ಮಂಗಳೂರಿನ ಕಡೆ ಕಾಣುವುದಕ್ಕಿಂತ ಬಹಳ ಹೆಚ್ಚು. ಫಮಾರಾದ ತೀರ ಇಳಿಜಾರು ಕಡಿಮೆ ಇರುವ ತೀರವಾದ್ದರಿಂದ ನೀರು ಇಳಿದಾಗ ಮರಳು ಬಹು ದೂರದವರೆಗೆ ತೆರೆದುಕೊಂಡು, ಸೊಂಟದ ಆಳದಲ್ಲಿ ನಿಂತು ಕಲಿಯಲು ವಿಶಾಲವಾದ ಜಾಗ ಸಿಗುತ್ತದೆ. ಉಬ್ಬರ ಇಳಿತಗಳ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಇದ್ದ ಪಾಠ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಸರಿದಿರಬಹುದು. ಇದನ್ನು ತಿಳಿಯದೆ ಪ್ರತಿ ಮಧ್ಯಾಹ್ನಕ್ಕೂ ಒಂದೊಂದು ಪ್ರೇಕ್ಷಣೀಯ ಸ್ಥಳದ ಟಿಕೆಟ್ ಕಾಯ್ದಿರಿಸಿಕೊಂಡು ಬಂದವರು ಒಂದೋ ಪಾಠ ಬಿಡಬೇಕಾಗುತ್ತದೆ, ಇಲ್ಲವೇ ಹಣ ಕಳೆದುಕೊಳ್ಳಬೇಕಾಗುತ್ತದೆ. ಆ ವಾರದ ಮಟ್ಟಿಗೆ ಗಡಿಯಾರವನ್ನು ಕಡಲಿಗೆ ಬಿಟ್ಟುಕೊಡುವುದೇ ಸರಿ.

ಎಷ್ಟು ದಿನ ಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಎಂಟು ರಾತ್ರಿ, ಐದು ಪಾಠ. ಮೊದಲ ದಿನ ಪ್ರಯಾಣದ ದಣಿವಿಗೆ, ಎರಡು ಪಾಠಗಳಾದ ಮೇಲೆ ಒಂದು ದಿನ ತೋಳುಗಳ ವಿಶ್ರಾಂತಿಗೆ, ಇನ್ನೊಂದು ದಿನ ಕಡಲು ಒರಟಾಗಿದ್ದರೆ ಮುಂದೂಡಲು ಇರಲಿ. ಐದು ದಿನವೂ ಸತತವಾಗಿ ನೀರಿಗಿಳಿದವರ ಭುಜಗಳು ನಾಲ್ಕನೆಯ ದಿನ ಮೇಲೇಳುವುದಿಲ್ಲ. ದಣಿದ ತೋಳಿನಿಂದ ಹಲಗೆಯನ್ನು ಮುಂದೂಡಲಾಗದಿದ್ದರೆ ಅಲೆ ಹಿಡಿಯುವ ಮಾತೇ ಇಲ್ಲ.

ಭಾರತದಿಂದ ನೇರ ವಿಮಾನವಿಲ್ಲ. ಬೆಂಗಳೂರಿನಿಂದ ಯುರೋಪಿನ ಯಾವುದಾದರೂ ದೊಡ್ಡ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಮ್ಯಾಡ್ರಿಡ್ ಅಥವಾ ಬಾರ್ಸಿಲೋನಾ ಮಾರ್ಗವಾಗಿ, ಕೆಲವೊಮ್ಮೆ ನೇರವಾಗಿ, ದ್ವೀಪದ ರಾಜಧಾನಿ ಅರ್ರೆಸಿಫೆಗೆ ಹಾರಬೇಕು. ಕೆನರಿ ದ್ವೀಪಗಳಿಗೆ ಸ್ಪೇನಿನ ಷೆಂಗೆನ್ ವೀಸಾ ಸಾಕು. ಅದರ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಲು ಅವಕಾಶವಿದೆ, ಆದಷ್ಟು ಬೇಗ ಹಾಕುವುದು ಕ್ಷೇಮ. ವೀಸಾಕ್ಕೆ ಕಡ್ಡಾಯವಾದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ಆದರೆ ಸಾಹಸ ಕ್ರೀಡೆಗಳಲ್ಲಾದ ಗಾಯಗಳನ್ನು ಕೆಲವು ವಿಮೆಗಳು ಹೊರಗಿಡುವುದರಿಂದ ಸರ್ಫಿಂಗ್ ಎಂಬ ಪದ ವಿಮಾಪತ್ರದಲ್ಲಿ ಒಳಗಿದೆಯೇ ಹೊರಗಿದೆಯೇ ಎಂಬುದನ್ನು ಹಣ ಕಟ್ಟುವ ಮುನ್ನವೇ ಓದಿಕೊಳ್ಳಿ. ಜರ್ಮನಿ, ಐರ್ಲೆಂಡ್, ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಇದು ಸುಮಾರು ನಾಲ್ಕೈದು ಗಂಟೆಯ ವಿಮಾನಯಾನ ಮಾತ್ರ.

ಇನ್ನು ವಾಸದ ವಿಷಯ. ದ್ವೀಪದ ದಕ್ಷಿಣದ ಪ್ರವಾಸಿ ಊರುಗಳಲ್ಲಿ ಹೋಟೆಲ್‌ಗಳು ಹೆಚ್ಚು, ಗಾಳಿ ಕಡಿಮೆ. ಆದರೂ ಕಲಿಯಲೆಂದೇ ಬಂದವರು ಕಾಲೆತಾ ದೆ ಫಮಾರಾದಲ್ಲೇ ಉಳಿಯುವುದು ಮೇಲು. ಪಾಠದ ಹೊತ್ತು ಬದಲಾದರೆ ನಡೆದು ಹೋಗಬಹುದು, ಒದ್ದೆ ಬಟ್ಟೆಯಲ್ಲೇ ಮನೆ ಸೇರಬಹುದು, ಪಾಠವಿಲ್ಲದ ಸಂಜೆ ದಡದಲ್ಲಿ ಕುಳಿತು ಅಲೆ ಎಲ್ಲಿ ಒಡೆಯುತ್ತದೆ ಎಂದು ನೋಡುತ್ತಿರಬಹುದು. ಹೀಗೆ ನೋಡುವುದೂ ಕಲಿಕೆಯ ದೊಡ್ಡ ಭಾಗವೇ. ಬಾಡಿಗೆ ಕಾರು ಓಡಿಸುವವರು ಊರಿನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ತೆಗೆದುಕೊಂಡು ಹೋಗಬೇಕು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ಸಸ್ಯಾಹಾರಿಗಳು ಅಡುಗೆಮನೆ ಇರುವ ವಸತಿ ಹಿಡಿಯಲಿ. ಉಪ್ಪುನೀರಿನಲ್ಲಿ ಸಿಪ್ಪೆಸಹಿತ ಬೇಯಿಸಿದ ಸಣ್ಣ ಆಲೂಗಡ್ಡೆ, ಅದರ ಜೊತೆಗೆ ಮೋಹೋ ಎಂಬ ಬೆಳ್ಳುಳ್ಳಿ ಚಟ್ನಿ ಎಲ್ಲೆಡೆ ಸಿಗುತ್ತವೆ. ಗೋಫಿಯೋ ಎಂಬ ಹುರಿದ ಧಾನ್ಯದ ಹಿಟ್ಟನ್ನು ಕಂಡರೆ ನಮ್ಮ ಹುರಿಹಿಟ್ಟೇ ನೆನಪಾಗುತ್ತದೆ, ಪಾಠಕ್ಕೆ ಮುಂಚಿನ ಉಪಾಹಾರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ಶಾಲೆಯನ್ನು ಆರಿಸುವಾಗ ಬೆಲೆಗಿಂತ ಮೊದಲು ಮೂರು ವಿಷಯ ಕೇಳಿ: ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು, ಶಿಕ್ಷಕರು ನೀರಿನೊಳಗೆ ಜೊತೆಗಿರುತ್ತಾರೆಯೇ, ಕಡಲು ಒರಟಾಗಿ ಪಾಠ ರದ್ದಾದರೆ ಏನು ಮಾಡುತ್ತಾರೆ. ಎಂಟಕ್ಕಿಂತ ಹೆಚ್ಚು ಮಂದಿಯ ಗುಂಪಾದರೆ ಬೇರೆ ಶಾಲೆ ಹುಡುಕುವುದು ವಾಸಿ. ಹಲಗೆ ಮೃದುವಾದ ಫೋಮಿನದ್ದಾಗಿರಬೇಕು, ಉದ್ದ ಎಂಟರಿಂದ ಒಂಬತ್ತು ಅಡಿ ಇರಬೇಕು. ಚಿಕ್ಕ ಹಲಗೆ ನೋಡಲು ಚೆಂದವಾದರೂ ಹೊಸಬರನ್ನು ಹೊತ್ತು ನಿಲ್ಲುವುದಿಲ್ಲ. ವೆಟ್‌ಸೂಟ್ ಮತ್ತು ಹಲಗೆ ಎರಡನ್ನೂ ಶಾಲೆಯೇ ಕೊಡುವುದರಿಂದ ನೀವು ಒಯ್ಯಬೇಕಾದದ್ದು ನೀರಿಗೆ ಕರಗದ ಸನ್‌ಸ್ಕ್ರೀನ್, ಒಳಗೆ ತೊಡುವ ಈಜುಡುಗೆ, ಒಂದು ಟವೆಲ್ ಇಷ್ಟೇ. ವೆಟ್‌ಸೂಟ್ ಕುತ್ತಿಗೆಯಿಂದ ಪಾದದ ಗಂಟಿನವರೆಗೆ ಮುಚ್ಚುವುದರಿಂದ ಉಡುಪಿನ ಬಗ್ಗೆ ಸಂಕೋಚವುಳ್ಳ ನಮ್ಮ ಹೆಣ್ಣುಮಕ್ಕಳು ಆ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಕನ್ನಡಕ ಧರಿಸುವವರು ಅದನ್ನು ದಡದಲ್ಲೇ ಬಿಡಬೇಕಾಗುತ್ತದೆ. ಕಣ್ಣು ಮಂಜಾದರೆ ಶಿಕ್ಷಕರ ಕೈಸನ್ನೆ ಕಾಣದು, ಆದ್ದರಿಂದ ಅದನ್ನು ಮೊದಲೇ ಅವರಿಗೆ ಹೇಳಿರಬೇಕು.

ಈಜು ಬಾರದವರು ಈ ಪ್ರವಾಸವನ್ನು ಮುಂದೂಡಲಿ. ಇದನ್ನು ನಾನು ಯಾವ ರಿಯಾಯಿತಿಯೂ ಇಲ್ಲದೆ ಹೇಳುತ್ತೇನೆ, ಏಕೆಂದರೆ ಫಮಾರಾದಲ್ಲಿ ನೀರಿನ ಸೆಳೆತ ಬಲವಾಗಿದೆ. ದಡಕ್ಕೆ ಬಂದ ನೀರೆಲ್ಲ ಮತ್ತೆ ಕಡಲಿಗೆ ಮರಳಲು ಒಂದು ಕಿರಿದಾದ ದಾರಿ ಮಾಡಿಕೊಂಡಾಗ ಈ ಸೆಳೆತ ಉಂಟಾಗುತ್ತದೆ. ಎರಡು ಕಡೆ ಅಲೆ ಒಡೆದು ನೊರೆ ಬರುತ್ತಿರುವಾಗ ನಡುವೆ ಮಾತ್ರ ನೀರು ಕಪ್ಪಾಗಿ, ಸಪಾಟಾಗಿ, ಶಾಂತವಾಗಿ ಕಂಡರೆ ಅದೇ ಸೆಳೆತದ ಜಾಗ. ಅಲೆಗೆ ಹೆದರಿದ ಹೊಸಬರು ಆ ಶಾಂತಿಯನ್ನು ನಂಬಿ ನೇರವಾಗಿ ಅಲ್ಲಿಗೇ ಹೋಗುತ್ತಾರೆ. ಅದರಲ್ಲಿ ಸಿಕ್ಕಿಕೊಂಡವರು ದಡದ ಕಡೆಗೆ ಎದುರು ಈಜಬಾರದು. ಹಲಗೆಯನ್ನು ಬಿಡದೆ ಹಿಡಿದು, ದಡಕ್ಕೆ ಸಮಾನಾಂತರವಾಗಿ ಅಲೆ ಒಡೆಯುವ ಕಡೆಗೆ ಸರಿದು, ಒಂದು ಕೈಯನ್ನು ಮೇಲೆತ್ತಿ ಸಹಾಯ ಕೇಳಬೇಕು. ದಡದಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ಪಾದವನ್ನೂ ನೀರಿಗಿಡಬೇಡಿ. ತುರ್ತು ಸಂಖ್ಯೆ 112.

ಮೊದಲ ಎರಡು ಪಾಠಗಳು ಒಡೆದು ಬರುವ ನೊರೆ ಅಲೆಗಳಲ್ಲೇ ನಡೆಯುತ್ತವೆ, ಹಾಗೆಯೇ ನಡೆಯಬೇಕು. ಹಲಗೆಯ ಮೇಲೆ ಬೋರಲು ಮಲಗಿ, ಎದೆಯ ಪಕ್ಕದಲ್ಲಿ ಅಂಗೈ ಊರಿ, ಒಂದೇ ನೆಗೆತಕ್ಕೆ ಎರಡೂ ಪಾದಗಳನ್ನು ದೇಹದ ಕೆಳಗೆ ತರುವ ಚಲನೆಯನ್ನು ಊರಿನಲ್ಲೇ ಚಾಪೆಯ ಮೇಲೆ ದಿನಕ್ಕೆ ಇಪ್ಪತ್ತು ಬಾರಿ, ಒಂದು ತಿಂಗಳು ಅಭ್ಯಾಸ ಮಾಡಿಕೊಂಡು ಬಂದವರಿಗೆ ಮೊದಲ ದಿನವೇ ಅದರ ಫಲ ಕಾಣುತ್ತದೆ. ನಿಂತ ಮೇಲೆ ಪಾದಗಳನ್ನಲ್ಲ, ದಡವನ್ನು ನೋಡಬೇಕು. ದೃಷ್ಟಿ ಕೆಳಗಿಳಿದರೆ ದೇಹವೂ ಕೆಳಗಿಳಿಯುತ್ತದೆ. ಬೀಳುವಾಗ ಮುಂದಕ್ಕೆ ಧುಮುಕದೆ ಪಕ್ಕಕ್ಕೆ ಚಪ್ಪಟೆಯಾಗಿ ಬಿದ್ದು, ಮೇಲೇಳುವಾಗ ತೋಳುಗಳಿಂದ ತಲೆಯನ್ನು ಮುಚ್ಚಿಕೊಳ್ಳಬೇಕು, ಏಕೆಂದರೆ ಹೊಸಬರಿಗೆ ಪೆಟ್ಟಾಗುವುದು ಹೆಚ್ಚಾಗಿ ತಮ್ಮದೇ ಹಲಗೆಯಿಂದ. ಹಲಗೆಯನ್ನು ನಿಮ್ಮ ಮತ್ತು ಬರುವ ಅಲೆಯ ನಡುವೆ ಎಂದೂ ಇರಿಸಿಕೊಳ್ಳಬೇಡಿ. ನಾಲ್ಕನೆಯ ಅಥವಾ ಐದನೆಯ ಪಾಠದಲ್ಲಿ ಶಿಕ್ಷಕರು ಇನ್ನೂ ಒಡೆಯದ ಅಲೆಗೆ ಕರೆದೊಯ್ದರೆ ಅಲ್ಲೊಂದು ನಿಯಮ ಪಾಲಿಸಬೇಕು: ಅಲೆ ಒಡೆಯುವ ತುದಿಗೆ ಯಾರು ಹತ್ತಿರವಿದ್ದಾರೋ ಆ ಅಲೆ ಅವರದು, ಉಳಿದವರು ಬಿಟ್ಟುಕೊಡಬೇಕು.

ಪಾಠವಿಲ್ಲದ ದಿನಕ್ಕೆ ದ್ವೀಪದಲ್ಲಿ ನೋಡುವಂಥದ್ದು ಬಹಳವಿದೆ. 1730ರಿಂದ 1736ರವರೆಗೆ ಉಕ್ಕಿದ ಜ್ವಾಲಾಮುಖಿಗಳ ನೆಲವಾದ ಟಿಮಾನ್‌ಫಾಯಾ, ಬಾಲ್ಯದ ಬೇಸಿಗೆಗಳನ್ನು ಫಮಾರಾದಲ್ಲೇ ಕಳೆದ ಕಲಾವಿದ ಸೆಸಾರ್ ಮಾನ್ರಿಕೆ ಲಾವಾ ಗುಹೆಯೊಳಗೆ ರೂಪಿಸಿದ ಹಾಮೆಯೋಸ್ ದೆಲ್ ಆಗುವಾ, ಭಾನುವಾರದ ತೆಗೀಸೆ ಸಂತೆ ಇವುಗಳಲ್ಲಿ ಯಾವುದಾದರೂ ಒಂದನ್ನು ನಿಧಾನವಾಗಿ ನೋಡಿದರೆ ಸಾಕು.

ಕೊನೆಯ ಪಾಠ ಮುಗಿದಾಗ ಶಿಕ್ಷಕರನ್ನು ಕೇಳಿ ಎರಡು ಸಂಗತಿ ಬರೆದಿಟ್ಟುಕೊಳ್ಳಿ: ನಿಮಗೆ ಹೊಂದಿದ ಹಲಗೆಯ ಉದ್ದ, ಮತ್ತು ನೀವು ಮರಳಿ ಮರಳಿ ಮಾಡುವ ಒಂದು ತಪ್ಪು. ಅಕ್ಟೋಬರ್‌ನಲ್ಲಿ ಊರಿಗೆ ಮರಳುವ ಹೊತ್ತಿಗೆ ಕರಾವಳಿಯಲ್ಲಿ ಮಳೆಗಾಲದ ಅಬ್ಬರ ಇಳಿದು, ಮೂಲ್ಕಿಯ ಕಡಲಿನಲ್ಲಿ ಸಣ್ಣ ಅಲೆಗಳ ಕಾಲ ಆರಂಭವಾಗಿರುತ್ತದೆ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದ ಸಸಿಹಿತ್ಲು ಅಲ್ಲಿಗೆ ಹತ್ತಿರವೇ ಇದೆ, ಆ ಭಾಗದಲ್ಲಿ ಕಲಿಸುವವರೂ ಇದ್ದಾರೆ. ಬರೆದಿಟ್ಟುಕೊಂಡ ಆ ತಪ್ಪನ್ನು ತಿದ್ದಿಕೊಳ್ಳಲು ಮುಂದಿನ ಶನಿವಾರವೇ ಅಲ್ಲಿಗೆ ಹೊರಡಬಹುದು.